ಯಾರೂ ಕೂಗದ ಹೆಸರಿನ ಬೀಗ

ಓದುವವರು ಮೊದಲು ನನ್ನನ್ನು ಕ್ಷಮಿಸಬೇಕು. ನನ್ನ ಕೈಬರಹ ಎಳೆ ಹರಿದ ಮಗ್ಗದಲ್ಲಿ ನೇಯ್ದ ಬಟ್ಟೆಯ ಹಾಗೆ: ಅಲ್ಲಲ್ಲಿ ಸಾಲು ಸೊಟ್ಟ, ಅಲ್ಲಲ್ಲಿ ತೂತು. ನಾನು ಓದಿದ್ದು ಮಡತ್ತುಕುಳದ ತಮಿಳು ಶಾಲೆಯಲ್ಲಿ, ಅದನ್ನೂ ಹತ್ತನೆಯಲ್ಲಿ ಬಿಟ್ಟೆ. ಕನ್ನಡದ ಅಕ್ಷರ ಕಲಿಸಿದ್ದು ತಾತ. ತಾತ ಹೋದಮೇಲೆ ತಿದ್ದುವವರಿಲ್ಲ. ಪದ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಕೋಪವನ್ನು ಮಾತ್ರ ತಿದ್ದಬೇಡಿ. ಅದನ್ನು ಎರಡೆರಡು ಸಲ ನೋಡಿ ಸರಿಯಾಗಿಯೇ ಬರೆದಿದ್ದೇನೆ!

ಕೋಪ ನನ್ನದಲ್ಲ, ಅಮ್ಮನದು. ಆದರೆ ಶುರುವಾದದ್ದು ಅಪ್ಪನ ಪ್ರತಿಜ್ಞೆಯಿಂದ.

ನಮ್ಮದು ನೇಯುವವರ ಬೀದಿ. ಮನೆಯಲ್ಲಿ ಅಪ್ಪನಿಗೆ ಮಗ್ಗ, ಅಮ್ಮನಿಗೆ ಕಂಪ್ಯೂಟರ್. ಸೀರೆಯ ಅಂಚು, ಸೆರಗು ಎಲ್ಲವನ್ನೂ ಅಮ್ಮ ಕಂಪ್ಯೂಟರಿನಲ್ಲಿ ಬರೆಯುತ್ತಾಳೆ, ಅಪ್ಪ ಅದನ್ನು ನೇಯುತ್ತಾನೆ. ಕೆಲಸ ಅಮ್ಮನದಾದರೂ ಕಂಪ್ಯೂಟರಿನ ದರ್ಬಾರು ಅಪ್ಪನದು. ಬಾಗಿಲಿನಷ್ಟು ಅಗಲದ ಪರದೆ ತಂದ ದಿನ ಅದಕ್ಕೆ ಮಂಗಳಾರತಿ ಎತ್ತಿ, ನಟ್ಟನಡುವೆ ಕುಂಕುಮ ಇಟ್ಟ. ಆ ಕುಂಕುಮ ಒರೆಸುವ ಹಾಗಿಲ್ಲ! ಅಮ್ಮ ಬರೆಯುವ ನವಿಲಿಗೂ ಮಾವಿನಕಾಯಿಗೂ ಹೊಟ್ಟೆಯ ಮೇಲೊಂದು ಕೆಂಪು ಬೊಟ್ಟು.

ಹೋದ ದೀಪಾವಳಿಯಲ್ಲಿ ಒಂದು ಅನಾಹುತ ಆಯಿತು. ಅಮ್ಮ ಬರೆದ ನವಿಲಿನ ಅಂಚು ನಮ್ಮ ಮಗ್ಗ ಏರುವ ಮೊದಲೇ ವರಸೆಯಲ್ಲಿ ಅಪ್ಪನ ತಮ್ಮನಾದ ಎದುರುಮನೆಯ ಕುಪ್ಪಸಾಮಿ ಚಿತ್ತಪ್ಪನ ಮಗ್ಗದಿಂದ ಇಳಿದುಬಂತು! ಅಮ್ಮ ಎರಡು ದಿನ ಊಟ ಬಿಟ್ಟಳು. ಅಪ್ಪ ಬೀದಿಯ ನಡುವೆ ನಿಂತು ತೊಡೆ ತಟ್ಟಿದ.

“ಹ್ಯಾಕರ್! ನಮ್ ಕಂಪ್ಯೂಟರಿಗೆ ಹ್ಯಾಕರ್ ಬಂದಿದಾನೆ! ಇನ್ಮೇಲೆ ಅವನಲ್ಲ, ಅವನಪ್ಪ ಬಂದ್ರೂ ಒಂದು ಎಳೆ ಕದಿಯಕ್ಕಾಗಲ್ಲ. ಕೋಟೆ ಕಟ್ತೀನಿ, ಕೋಟೆ!”

ಕೋಟೆ ಉಡುಮಲೈಯ ಒಂದು ಕಂಪ್ಯೂಟರ್ ಅಂಗಡಿಯಿಂದ ಬಂತು. ಅದು ದನಿಯ ಬೀಗ. ಯಂತ್ರ ಹಚ್ಚಿದರೆ ಒಳಗಿಂದ ಒಬ್ಬ ಹೆಂಗಸು ತಮಿಳಿನಲ್ಲಿ “ಸೊಲ್ಲುಂಗ”, ಅಂದರೆ ಹೇಳಿ, ಅನ್ನುತ್ತಾಳೆ. ಬೀಗದ ಮಾತನ್ನು ಜೋರಾಗಿ ಹೇಳಿದರೆ “ವಣಕ್ಕಂ, ವಾಂಗ” ಎಂದು ನಮಸ್ಕಾರ ಹೇಳಿ, ಒಳಗೆ ಕರೆದು ತೆರೆಯುತ್ತಾಳೆ. ತಪ್ಪು ಹೇಳಿದರೆ “ತಿರುಡನ್! ತಿರುಡನ್!” ಎಂದು ಕಳ್ಳನನ್ನು ಕಂಡವಳ ಹಾಗೆ ಅರಚಿ ಸೈರನ್ ಹೊಡೆಯುತ್ತಾಳೆ.

“ಬೀಗದ ಮಾತು ಏನಿಟ್ಟಿದೀನಿ ಗೊತ್ತಾ?” ಅಪ್ಪ ಮೀಸೆ ಸವರಿದ. “ನನ್ ಹೆಸ್ರು!”

ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ನಿಮ್ ಹೆಸ್ರಾ?”

“ಈ ಬೀದೀಲಿ ನನ್ ಹೆಸ್ರನ್ನ ಬಾಯಿಬಿಟ್ಟು ಹೇಳೋಳು ಯಾರಿದಾಳೆ? ಅದಕ್ಕಿಂತ ಗಟ್ಟಿ ಬೀಗ ಲೋಕದಲ್ಲಿದೆಯಾ?”

“ನಾ ಹೆಂಗೆ ತೆಗೀಲಿ? ಬರೆಯೋಳು ನಾನಲ್ವಾ?”

“ನಾ ಇದೀನಲ್ಲ! ಬೆಳಿಗ್ಗೆ ತೆಗೆದುಕೊಡ್ತೀನಿ, ಸಾಯಂಕಾಲ ಮುಚ್ತೀನಿ. ಬೀಗ ಅಂದ್ರೆ ಗಂಡಸಿನ ಜವಾಬ್ದಾರಿ.”

ನಮ್ಮ ಮನೆಯ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಅಪ್ಪನ ಹೆಸರು ವೆಳ್ಳಿಂಗಿರಿ. ಅದು ಕೋವೈ ಕಡೆಯ ಬೆಟ್ಟದ ಹೆಸರೂ ಹೌದು. ಅಮ್ಮ ಆ ಬೆಟ್ಟವನ್ನೂ ಹೆಸರು ಹಿಡಿದು ಹೇಳುವುದಿಲ್ಲ, “ಏಳು ಬೆಟ್ಟ” ಅನ್ನುತ್ತಾಳೆ. ತಮಿಳಿನ ವೆಳ್ಳಿಕ್ಕಿಳಮೆಯಲ್ಲಿ ಹೆಸರಿನ ವಾಸನೆ ಇದೆ ಎಂದು ಶುಕ್ರವಾರಕ್ಕೆ “ಗುರುವಾರದ ಮಾರನೇ ದಿನ” ಅನ್ನುತ್ತಾಳೆ. ಅಪ್ಪನನ್ನು ಕರೆಯುವುದು “ಏನುಂಗ” ಎಂದು. ಅಪ್ಪ ಅಮ್ಮನನ್ನು ಕರೆಯುವುದು “ಏಯ್” ಎಂದು. ಅವಳಿಗೂ ಕಾಳಿಯಮ್ಮ ಎಂಬ ಹೆಸರಿದೆ. ಅದನ್ನು ಕರೆದರೆ ಯಾರ ಆಯಸ್ಸೂ ಕಡಿಮೆಯಾಗುವುದಿಲ್ಲ, ಆದರೂ ಕರೆಯುವುದಿಲ್ಲ!

ಈ ಸಲ ಅಮ್ಮ ತೆಂಗಿನ ಹೊಂಬಾಳೆಯ ಅಂಚು ಬರೆದಳು. ಹೊಂಬಾಳೆ ಬಿರಿದು, ಒಂದೊಂದು ಕಡ್ಡಿಯಲ್ಲೂ ಹೂವು ಎಣಿಸುವ ಹಾಗೆ. ಅದರ ಚೂರನ್ನು ಫೋನಿನಲ್ಲಿ ನೋಡಿದ ಧಾರಾಪುರದ ವ್ಯಾಪಾರಿ ಪ್ರಭಾಕರನ್, “ಪೂರ್ತಿ ಡಿಸೈನ್ ಅಮಾವಾಸ್ಯೆಯ ದಿನ ಮಧ್ಯಾಹ್ನದೊಳಗೆ ಕಳಿಸಮ್ಮ. ಚೆನ್ನಾಗಿದ್ರೆ ಈ ವರ್ಷದ ಸೀರೆಯೆಲ್ಲ ನಿನ್ ಅಂಚಿನಲ್ಲೇ. ಹೆಸ್ರೂ ನಿಂದೇ ಹಾಕ್ತೀನಿ, ಕಾಳಿಯಮ್ಮ ಅಂಚು ಅಂತ” ಎಂದಿದ್ದರು. ಆವತ್ತಿನಿಂದ ಅಮ್ಮ ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು. ನಾವೂ ಕೇಳಲಿಲ್ಲ.

ಅಮಾವಾಸ್ಯೆ ಬಂತು. ಅಪ್ಪ ಬೆಳಿಗ್ಗೆಯೇ ಎದ್ದು ಸ್ನಾನ ಮಾಡಿ ಪ್ಯಾಂಟು ಹಾಕಿಕೊಂಡ.

“ಎಲ್ಲಿಗುಂಗ?”

“ಆನೈಮಲೈಗೆ. ಮಾಸಾಣಿ ಅಮ್ಮನ್ ಗುಡಿಗೆ. ಆ ಹ್ಯಾಕರ್ ಹೆಸ್ರಲ್ಲಿ ಮೆಣಸಿನಕಾಯಿ ಅರೆದು ಬರ್ತೀನಿ. ಅವನಿಗೆ ಮೈಯೆಲ್ಲ ಉರೀಬೇಕು!”

“ಇವತ್ತೇ ಹೋಗ್ಬೇಕಾ? ಮಧ್ಯಾಹ್ನ ಡಿಸೈನ್ ಕಳಿಸ್ಬೇಕು!”

“ಯಂತ್ರ ತೆಗೆದಿಟ್ಟು ಹೋಗ್ತೀನಿ. ಮುಚ್ಬೇಡ, ಅಷ್ಟೇ.”

“ಫೋನಾದ್ರೂ ತಗೊಂಡ್ಹೋಗಿ.”

“ಬಸ್ಸಲ್ಲಿ ಫೋನ್ ಹಿಡ್ಕೊಂಡ್ರೆ ಪಕ್ಕದಲ್ಲಿ ಕೂತವನು ಹ್ಯಾಕ್ ಮಾಡ್ತಾನೆ. ನಿಂಗೆ ಸೆಕ್ಯೂರಿಟಿ ಅಂದ್ರೇನೂ ತಿಳಿಯಲ್ಲ!”

ಫೋನನ್ನು ಎಲ್ಲಿಟ್ಟನೋ ಹೇಳಲಿಲ್ಲ. ಅಮ್ಮ ಪರದೆಯ ಮುಂದೆ ಕೂತಳು. ಕೊನೆಯ ಹೂವಿಗೆ ಬಣ್ಣ ತುಂಬಿದಳು, ಒಮ್ಮೆ ಹಿಂದೆ ಸರಿದು ನೋಡಿದಳು, ಕುಂಕುಮದ ಬೊಟ್ಟನ್ನು ಬೆರಳಿಂದ ಮುಚ್ಚಿ ಇನ್ನೊಮ್ಮೆ ನೋಡಿದಳು. ಕಳಿಸೋಣ ಎಂದು ಕೈ ಎತ್ತಿದಳು.

ಕರೆಂಟ್ ಹೋಯಿತು.

ಕರೆಂಟ್ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಯಂತ್ರ ಎಚ್ಚರವಾಗಿ ಸಿಹಿಯಾಗಿ ಕೇಳಿತು: “ಸೊಲ್ಲುಂಗ.”

ಅಮ್ಮ ನನ್ನನ್ನು ನೋಡಿದಳು. ನಾನು ಅಪ್ಪನ ನಂಬರಿಗೆ ಫೋನ್ ಮಾಡಿದೆ. ಅಡುಗೆಮನೆಯ ಅಕ್ಕಿಡಬ್ಬದೊಳಗಿಂದ ಮುರುಗನ ಹಾಡು ಕೇಳಿಸಿತು! ಹ್ಯಾಕರ್ ಕೈಗೆ ಸಿಗಬಾರದೆಂದು ಅಪ್ಪ ಫೋನನ್ನು ಅಕ್ಕಿಯಲ್ಲಿ ಹೂತಿದ್ದ.

ಅಮ್ಮನ ಮೂಗಿನ ತುದಿ ಕೆಂಪಾಯಿತು. ಅದು ಕೋಪದ ಮೊದಲ ಲಕ್ಷಣ.

“ಸೊಲ್ಲುಂಗ” ಎಂದಿತು ಯಂತ್ರ.

“ಏನುಂಗ!” ಎಂದಳು ಅಮ್ಮ, ಯಂತ್ರಕ್ಕೇ.

“ತಿರುಡನ್! ತಿರುಡನ್!” ಸೈರನ್ ಹೊಡೆಯಿತು. ಹಿತ್ತಲ ಕೋಳಿಗಳು ಗೋಡೆ ಹಾರಿದವು.

“ಧರಣಿ, ನೀ ಹೇಳು! ನಿಂಗೇನೂ ತಡೆ ಇಲ್ಲ, ಮಗಳು ಹೇಳ್ಬಹುದು.”

ನನಗೆ ದನಿಯೇ ಕಡಿಮೆ. ಶಾಲೆಯಲ್ಲಿ ಹಾಜರಿ ಹೇಳಿದರೂ ಟೀಚರಿಗೆ ಕೇಳದೆ ಗೈರು ಬೀಳುತ್ತಿತ್ತು. ಅಪ್ಪನ ಹೆಸರನ್ನು ಅಷ್ಟೇ ಮರ್ಯಾದೆಯಿಂದ, ಅಷ್ಟೇ ಮೆಲ್ಲಗೆ ಹೇಳಿದೆ.

“ಸತ್ತಮಾ ಸೊಲ್ಲುಂಗ!” ಜೋರಾಗಿ ಹೇಳಬೇಕಂತೆ. ಇನ್ನೊಮ್ಮೆ ಹೇಳಿದೆ. “ತಿರುಡನ್!”

“ಸೊಳ್ಳೆಗಾದ್ರೂ ಇದಕ್ಕಿಂತ ದನಿ ಇದೆಯಲ್ಲೇ!” ಎಂದು ಅಮ್ಮ ಹಲ್ಲು ಕಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಪಳನಿಯಮ್ಮಾಳ್ ಅಪ್ಪನ ಹೆತ್ತ ತಾಯಿ. “ಅತ್ತೆ, ನಿಮ್ ಮಗನ್ ಹೆಸ್ರು ಒಂದ್ ಸಲ ಹೇಳಿ.”

ಅಜ್ಜಿ ಎದೆಯ ಮೇಲೆ ಕೈಯಿಟ್ಟಳು. “ಅಯ್ಯೋ ಸಾಮಿ! ಅದು ನಮ್ ಮಾವನ ಹೆಸ್ರು. ಮಾವನ ಹೆಸ್ರನ್ನೇ ಮೊಮ್ಮಗನಿಗಿಟ್ರು. ನಾ ಹೆತ್ತ ಮಗನ್ನ ಹೆಸ್ರಿಡಿದು ಕರೆದೇ ಇಲ್ಲ ನನ್ ಕಣ್ಣೇ. ‘ಸಾಮಿ’ ಅಂತಾನೇ ಸಾಕಿದ್ದು!”

ನೋಡಿ, ಇದು ಅಪ್ಪನ ಕೋಟೆ! ಹೆತ್ತವಳೂ ಏರಲಾರದ ಗೋಡೆ!

ಅಷ್ಟರಲ್ಲಿ ಸೈರನ್ ಕೇಳಿ ಕುಪ್ಪಸಾಮಿ ಚಿತ್ತಪ್ಪ ಲುಂಗಿ ಎತ್ತಿ ಕಟ್ಟಿ, ಮಗ್ಗದ ಕೋಲು ಹಿಡಿದು ಓಡಿಬಂದ. ಹಿಂದೆ ಅವನ ಹೆಂಡತಿ ಅಂಗಮ್ಮ, ಕೈಯಲ್ಲಿ ಒನಕೆ.

“ಕಳ್ಳ ಎಲ್ಲಿ ಅತ್ತಿಗೆ?”

“ಬಾಗಿಲಲ್ಲೇ ನಿಂತಿದಾನೆ!” ಎಂದಳು ಅಮ್ಮ, ಅವನನ್ನೇ ನೋಡುತ್ತ. ಎರಡನೆಯ ಲಕ್ಷಣ ಅದು: ಕೋಪ ಬಂದರೆ ಅಮ್ಮ ನಿಧಾನವಾಗಿ ಮಾತಾಡುತ್ತಾಳೆ. “ಅಂಗಮ್ಮ, ನೀ ಬಾ. ನಿಮ್ ಭಾವನ ಹೆಸ್ರು ಹೇಳು.”

“ಭಾವನ ಹೆಸ್ರಾ! ನಾನಾ!” ಅಂಗಮ್ಮ ಒನಕೆಯ ಹಿಂದೆ ಅವಿತುಕೊಂಡಳು. “ನನ್ ನಾಲಿಗೆ ಬಿದ್ದೋಗುತ್ತೆ ಅಕ್ಕಾ!”

“ಇಷ್ಟೇನಾ? ನಾ ಹೇಳ್ಲಾ ಅತ್ತಿಗೆ?” ಎಂದು ಚಿತ್ತಪ್ಪ ಗಂಟಲು ಸರಿಮಾಡಿಕೊಂಡ.

“ಬಾಯಿ ಬಿಟ್ರೆ ಆ ಕೋಲು ನಿನ್ ಬಾಯಲ್ಲೇ ಇರುತ್ತೆ! ನವಿಲು ತಿಂದದ್ದು ಸಾಲದಾ, ಹೊಂಬಾಳೆ ಬೇರೆ ಬೇಕಾ ನಿಂಗೆ?”

ಚಿತ್ತಪ್ಪ ಏನೋ ಹೇಳಹೊರಟ. ಆಗಲೇ ಅಮ್ಮನ ಫೋನ್ ಹೊಡೆಯಿತು. ಪ್ರಭಾಕರನ್! ಅವರ ತಮಿಳು ಇಡೀ ಮನೆಗೆ ಕೇಳಿಸಿತು. ವ್ಯಾನು ನೂಲು ತರಲು ಹೊರಟಿದೆ, ಡಿಸೈನ್ ನೋಡದೆ ಯಾವ ಬಣ್ಣದ ನೂಲೆಂದು ಹೇಳುವುದು, ಈಗಲೇ ಬರದಿದ್ದರೆ ಬೇರೆಯವರ ಅಂಚನ್ನು ತೆಗೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಮ್ಮ.

“ಒಂದೇ ನಿಮಿಷಂಗ” ಎಂದು ಅಮ್ಮ ಫೋನ್ ಕೆಳಗಿಟ್ಟಳು.

ಪರದೆಯಲ್ಲಿ ಅಮ್ಮನ ಮುಖ ಕಾಣುತ್ತಿತ್ತು, ಹಣೆಯ ಜಾಗದಲ್ಲೇ ಅಪ್ಪ ಇಟ್ಟ ಕುಂಕುಮ. ಆ ಕರಿ ಗಾಜಿನ ಹಿಂದೆ ಅವಳ ಹೂವುಗಳೆಲ್ಲ ಇದ್ದವು. ಅವಳ ಕಣ್ಣು, ಅವಳ ಬೆರಳು, ಉಪ್ಪಿಲ್ಲದ ಅಷ್ಟು ದಿನದ ಸಾರು. ಎಲ್ಲದರ ಮೇಲೂ ಅವಳು ಹೇಳಬಾರದ ಒಂದು ಹೆಸರು.

“ಸೊಲ್ಲುಂಗ” ಎಂದಿತು ಯಂತ್ರ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಉಸಿರೆಳೆದಳು.

“ವೆಳ್ಳಿಂಗಿರೀ!”

ಅಜ್ಜಿ ಕಿವಿ ಮುಚ್ಚಿಕೊಂಡಳು. ಅಂಗಮ್ಮನ ಒನಕೆ ಚಿತ್ತಪ್ಪನ ಕಾಲ ಮೇಲೆ ಬಿತ್ತು.

“ವಣಕ್ಕಂ, ವಾಂಗ” ಎಂದು ಯಂತ್ರ ತೆರೆದುಕೊಂಡಿತು. ಆದರೆ ಅಮ್ಮ ನಿಲ್ಲಲಿಲ್ಲ! ಕಟ್ಟೆ ಒಡೆದ ಅಮರಾವತಿ ಹೊಳೆಯನ್ನು ನಿಲ್ಲಿಸುವವರು ಯಾರು?

“ಲೇ ವೆಳ್ಳಿಂಗಿರೀ! ಬರೆಯೋಳು ನಾನು, ಬೀಗ ನಿಂದಾ? ನನ್ ಹೊಂಬಾಳೆಗೆ ನಿನ್ ಹೆಸ್ರಿನ ಕಾವಲಾ? ಎಲ್ಲಿದೀಯಾ ವೆಳ್ಳಿಂಗಿರೀ!”

ಬೀದಿಯ ತುದಿಯಿಂದ ಉತ್ತರ ಬಂತು.

“ಉಳ್ಳೇನ್ ಐಯಾ!”

ಆಗತಾನೇ ಬಸ್ಸಿಳಿದ ಅಪ್ಪ! ತನ್ನ ಪೂರ್ತಿ ಹೆಸರನ್ನು ಅಷ್ಟು ಜೋರಾಗಿ ಕೊನೆಯ ಸಲ ಕೂಗಿದ್ದು ಶಾಲೆಯಲ್ಲಿ ಹಾಜರಿ ಕರೆದ ವಾದ್ಯಾರು. ಕಿವಿಗೆ ಬಿದ್ದ ತಕ್ಷಣ ಅಪ್ಪ ನಿಂತಲ್ಲೇ ನೆಟ್ಟಗಾಗಿ, ಕೈಯೆತ್ತಿ, ಹಾಜರಿ ಹೇಳಿಬಿಟ್ಟಿದ್ದ. ಆಮೇಲೆ ಗೋಡೆ ತಡವುತ್ತ ಒಳಗೆ ಬಂದ. ಎರಡು ಕಣ್ಣೂ ಊದಿ, ಕೆಂಪಾಗಿ, ನೀರು ಸುರಿಯುತ್ತಿತ್ತು. ಮೆಣಸಿನಕಾಯಿ ಅರೆದ ಕೈಯನ್ನು ಸರಿಯಾಗಿ ತೊಳೆಯದೆ ಬಸ್ಸಿನಲ್ಲಿ ನಿದ್ದೆ ಬಂತೆಂದು ಕಣ್ಣು ಉಜ್ಜಿಕೊಂಡಿದ್ದ.

ಅಜ್ಜಿ ಓಡಿಹೋಗಿ ಅವನ ಮೂಗಿನ ಕೆಳಗೆ ಬೆರಳಿಟ್ಟಳು. “ಸಾಮಿ, ಉಸಿರು ಬರ್ತಿದೆಯಾ? ಅವ್ಳು ಹೆಸ್ರು ಹೇಳ್ಬಿಟ್ಳು!”

“ಬರ್ತಿದೆ, ಉರಿ ಬರ್ತಿದೆ! ಯಾರ್ ಕರೆದದ್ದು ನನ್ನ?”

ಅಮ್ಮ ತಿರುಗಿಯೂ ನೋಡಲಿಲ್ಲ. ಹೊಂಬಾಳೆಯನ್ನು ಕಳಿಸಿ, ಹೋಯಿತೆಂದು ಖಚಿತ ಮಾಡಿಕೊಂಡು, ಆಮೇಲೆ ಎದ್ದಳು.

“ಯಾರಿಗೆ ಅರೆದ್ರಿ ಮೆಣಸಿನಕಾಯಿ?”

“ನವಿಲನ್ನ ಊರಿಗೆಲ್ಲ ಬಿಟ್ಟುಕೊಟ್ಟ ಆ ಹ್ಯಾಕರಿಗೆ! ಅವನ ಕಣ್ಣು ಉರೀಲಿ ಅಂತ ಬೇಡ್ಕೊಂಡೆ!”

ಕುಪ್ಪಸಾಮಿ ಚಿತ್ತಪ್ಪ ಕಾಲು ಉಜ್ಜಿಕೊಳ್ಳುತ್ತ ಹೇಳಿದ: “ಯಾವ ಹ್ಯಾಕರ್ ಅಣ್ಣಾ? ಆ ನವಿಲನ್ನ ವಾಟ್ಸಾಪ್ ಸ್ಟೇಟಸ್ಸಲ್ಲಿ ಹಾಕಿದ್ದು ನೀವೇ ಅಲ್ವಾ? ‘ನಮ್ಮನೆ ಹೊಸ ಡಿಸೈನ್, ಯಾರಿಗೂ ಹೇಳಬೇಡಿ’ ಅಂತ. ನಾ ನೋಡಿ ಹಾರ್ಟ್ ಕೂಡ ಹಾಕಿದ್ನಲ್ಲ! ಎಲ್ರಿಗೂ ತೋರಿಸಿದೀರಿ ಅಂದ್ಮೇಲೆ ನೇಯ್ದೆ.”

ಅಪ್ಪನ ಕಣ್ಣಲ್ಲಿ ನೀರು ಇನ್ನೂ ಸುರಿಯುತ್ತಲೇ ಇತ್ತು.

ಅಮ್ಮ ಅಕ್ಕಿಡಬ್ಬದಿಂದ ಫೋನ್ ತೆಗೆದು, ಅಕ್ಕಿ ಕೊಡವಿ, ಅಪ್ಪನ ಕೈಗಿಟ್ಟಳು. “ಮಾಸಾಣಿ ಅಮ್ಮನ್ ವಿಳಾಸ ತಪ್ಪಲ್ಲ. ಯಾರ ಕಣ್ಣು ಉರೀಬೇಕೋ ಅವರ್ದೇ ಉರಿಸಿದಾಳೆ. ಬನ್ನಿ, ಮಜ್ಜಿಗೆ ಹಚ್ತೀನಿ.”

ಹಚ್ಚಿದಳು. ಹಚ್ಚುತ್ತಾ ಬೈದಳು. ಸಾಯಂಕಾಲ ಪ್ರಭಾಕರನ್ ಅಂಚನ್ನು ಒಪ್ಪಿದರು ಎಂಬ ಸುದ್ದಿ ಬಂದಾಗಲೂ ಬೈಗುಳ ಮುಗಿದಿರಲಿಲ್ಲ. ಮರುದಿನ ಪರದೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಡುಮಲೈ ಅಂಗಡಿಯವನನ್ನು ಕರೆಸಿ ಬೀಗದ ಮಾತನ್ನು ಬದಲಾಯಿಸಿದಳು.

ಈಗ ಅಪ್ಪನಿಗೆ ಸೀರೆಯ ಲೆಕ್ಕ ನೋಡಬೇಕಾದರೆ ಕಂಪ್ಯೂಟರಿನ ಮುಂದೆ ನಿಲ್ಲಬೇಕು. ಮೊದಲ ದಿನ ಅಭ್ಯಾಸಬಲದಿಂದ “ಏಯ್!” ಎಂದ. ಇಡೀ ಬೀದಿಗೆ ಕೇಳುವಂತೆ “ತಿರುಡನ್! ತಿರುಡನ್!” ಎರಡನೆಯ ಸಲ ಮೀಸೆಯೊಳಗೇ ಏನೋ ಗೊಣಗಿದ. “ಸತ್ತಮಾ ಸೊಲ್ಲುಂಗ!” ಕೊನೆಗೆ ಅತ್ತಿತ್ತ ನೋಡಿ, ಕಿಟಕಿ ಮುಚ್ಚಿ, ಗಂಟಲು ಬಿಟ್ಟು ಕೂಗಿದ:

“ಕಾಳಿಯಮ್ಮಾ!”

ಯಂತ್ರ ತೆರೆಯಿತು. ಅಡುಗೆಮನೆಯಿಂದ ಅಮ್ಮ, “ಏನುಂಗ, ಕರೆದ್ರಾ?” ಎಂದಳು. ಅವಳಿಗೆ ಎಲ್ಲ ಕೇಳಿಸಿತ್ತು. ಆದರೂ ದಿನಾ ಹಾಗೆಯೇ ಕೇಳುತ್ತಾಳೆ.

ನನ್ನ ದನಿಗೂ ಆ ಯಂತ್ರ ತೆರೆಯುವಂತಾದರೆ ಅಂಚು ಬರೆಯುವುದನ್ನು ಕಲಿಸುತ್ತೇನೆ ಎಂದು ಅಮ್ಮ ಹೇಳಿದ್ದಾಳೆ. ಈಗ ಈ ಕಾಗದ ಮಡಿಸಿಟ್ಟು, ಹಿತ್ತಲಿಗೆ ಹೋಗಿ, ಕೋಳಿಗಳ ಮುಂದೆ ನಿಂತು ಜೋರಾಗಿ ಕೂಗುವುದನ್ನು ಅಭ್ಯಾಸ ಮಾಡುತ್ತೇನೆ.