ಚಲುವಮ್ಮನ ಚಿಮಣಿ

ಶಿವಮ್ಮನ ಹೋಟೆಲಿಗೆ ಹೊಸ ಬಾಯ್ಲರ್ ಬಂದದ್ದೇ ಎಲ್ಲದಕ್ಕೂ ಮೂಲ. ನೆತ್ತಿಯ ಮೇಲೊಂದು ಹೊಗೆ ಕೊಳವೆ, ಹೊಟ್ಟೆಗೊಂದು ನಲ್ಲಿ, ಕೆಳಗೆ ಕೆಂಡ ತುಂಬಲು ಒಂದು ಬಾಯಿ ಇಟ್ಟುಕೊಂಡ ಆ ತಾಮ್ರದ ಬಾಯ್ಲರ್ ಈಗ ತಾನೇ ಯಾರ ಕೈಲೋ ಬೈಸಿಕೊಂಡಂತೆ ಬುಸುಗುಡುತ್ತ ಗಲ್ಲಾದ ಪಕ್ಕ ಕೂತಿತ್ತು. ಶಿವಮ್ಮ ಅದನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದ್ದಳೆಂದರೆ ಹತ್ತಿರ ಹೋದವರ ಮುಖ ಅದರಲ್ಲಿ ಕಾಣುತ್ತಿತ್ತು.

ಕುಶಾಲನಗರದ ಆ ಹೋಟೆಲಿನಲ್ಲಿ ಕಿಟಕಿ ಪಕ್ಕದ ಬೆಂಚಿಗೆ ರೈಲು ಬೆಂಚು ಎಂದು ಹೆಸರು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ, ಇಡೀ ರಾಜ್ಯದಲ್ಲಿ ಒಂದು ಮಾರು ಹಳಿ ಇರಲಿಲ್ಲ. ಮಡಿಕೇರಿಯಲ್ಲಿ ಮಂತ್ರಿಗಳಿದ್ದರು, ವಿಧಾನಸಭೆ ಇತ್ತು, ಭಾಷಣಗಳಿದ್ದವು. ರೈಲು ಮಾತ್ರ ಇರಲಿಲ್ಲ. ಹೊಳೆ ದಾಟಿ ಮೈಸೂರು ರಾಜ್ಯಕ್ಕೆ ಕಾಲಿಟ್ಟು, ಬಸ್ಸಿನಲ್ಲಿ ಹೊಟ್ಟೆ ತೊಳಸಿಕೊಂಡು ಹೋದರೆ ಅದರ ದರ್ಶನ. ಆದರೂ ಈ ಬೆಂಚಿನ ಮೇಲೆ ರೈಲಿನ ಬಗ್ಗೆ ಇದ್ದಷ್ಟು ಅಭಿಪ್ರಾಯ ಅರಸೀಕೆರೆ ಜಂಕ್ಷನ್ನಿನಲ್ಲೂ ಇದ್ದಿರಲಾರದು.

ಆ ಭಾನುವಾರ ಸಣ್ಣಸ್ವಾಮಿ ಬಂದದ್ದು ರೈಲಿನ ಮಾತಿಗಲ್ಲ, ಮೈಸೂರು ಪಾಕಿಗೆ. ಸುಂಟಿಕೊಪ್ಪದ ಕಡೆಯ ಕಾಫಿ ಎಸ್ಟೇಟಿನಲ್ಲಿ ಅವನು ಲೆಕ್ಕ ಬರೆಯುವ ರೈಟರು. ವಯಸ್ಸು ಮೂವತ್ತು ದಾಟಿತ್ತು. ಹೊಳೆನರಸೀಪುರದ ಕಡೆಯಿಂದ ಬಂದು ನೆಲೆಸಿದ ಮನೆತನ. ಅವನು ಹೆಣ್ಣು ನೋಡಿದ ಮನೆಗಳವರೆಲ್ಲ ಉಪ್ಪಿಟ್ಟು ಕೊಟ್ಟು ಕಳಿಸಿದ್ದರೇ ಹೊರತು ಹೆಣ್ಣು ಕೊಟ್ಟಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಚ್ಚಮ್ಮ ನಡುವೆ ನಿಂತು ಕೂಡಿಗೆಯಲ್ಲೊಂದು ಸಂಬಂಧ ಹುಡುಕಿದ್ದಳು. ಹುಡುಗಿ ಒಪ್ಪಿದ್ದಳು. ಅವಳು ಕಾಫಿ ಕೊಟ್ಟು ಒಳಗೆ ಹೋಗುವಾಗ ನಕ್ಕದ್ದು ಸಣ್ಣಸ್ವಾಮಿಗೆ ಕಾಫಿ ಹಣ್ಣು ಕೊಯ್ಲಿನ ಪಿಕಿಂಗ್ ಲೆಕ್ಕ ಬರೆಯುವಾಗಲೂ ನೆನಪಾಗಿ, ಎರಡು ಸಲ ಕೂಡಿದರೂ ಲೆಕ್ಕ ತಪ್ಪುತ್ತಿತ್ತು. ಈ ದಿನ ಮಧ್ಯಾಹ್ನ ಹೆಣ್ಣಿನ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಬರುವವರಿದ್ದರು. ಅದೊಂದು ಸುಸೂತ್ರವಾದರೆ ಮದುವೆ ಆದಂತೆಯೇ. ಮನೆಯಲ್ಲಿ ಅವನ ಅಕ್ಕ ವನಜಮ್ಮ ಬೆಳಗಿನಿಂದ ಕೋಡುಬಳೆ ಕರಿಯುತ್ತಿದ್ದಳು.

ಹುಡುಗಿಯ ತಂದೆ ತಿಮ್ಮಯ್ಯ ಮೈಸೂರು ಸರ್ಕಾರದ ಕೆಲಸದಲ್ಲಿದ್ದು ನಿವೃತ್ತರಾದವರು. ಯಾವ ಇಲಾಖೆ ಎಂದು ಕೇಳುವ ಧೈರ್ಯ ಸಣ್ಣಸ್ವಾಮಿಗೆ ಆಗಿರಲಿಲ್ಲ. ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳಿದ್ದುದರಿಂದ ಯಾವುದೋ ಸರ್ಕಾರಿ ಛತ್ರದ ಅಡುಗೆಯವರಿರಬೇಕು ಎಂದುಕೊಂಡಿದ್ದ. ಹೆಣ್ಣು ನೋಡಲು ಹೋದ ದಿನ ಮಾತಿನ ನಡುವೆ ಮತ್ತೆ ಮತ್ತೆ ಅವರು ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ರಸ್ತೆ ನೋಡುತ್ತಿದ್ದರು. ಎಲೆಯಡಿಕೆ ಉಗಿಯಲಿಕ್ಕಿರಬೇಕು ಎಂದು ಅದಕ್ಕೂ ಸಮಾಧಾನ ಹೇಳಿಕೊಂಡಿದ್ದ. ಹುಡುಗಿಯ ಹೆಸರನ್ನೂ ಕೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಜಾತಕದಲ್ಲಿದ್ದದ್ದು ಯಾರೂ ಕರೆಯದ ನಕ್ಷತ್ರದ ಹೆಸರು.

ಶಿವಮ್ಮ ಮೈಸೂರು ಪಾಕು ಕಟ್ಟುತ್ತಿದ್ದಾಗ ಬೆಂಚಿನ ಮೇಲಿದ್ದ ಮೊಣ್ಣಪ್ಪ ಬಾಯ್ಲರನ್ನೇ ನೋಡುತ್ತ, ಇದಕ್ಕಿಂತ ಕುರೂಪಿಯಾದ ಒಂದೇ ಒಂದು ಇಂಜಿನನ್ನು ತಾನು ಯುದ್ಧದ ಕಾಲದಲ್ಲಿ ಕಂಡಿದ್ದೆ ಎಂದ. ಮಿಲಿಟರಿಯಿಂದ ರಜೆ ಪಡೆದು ಬಂದವನಾದ್ದರಿಂದ ಉತ್ತರ ದೇಶದ ರೈಲುಗಳೆಲ್ಲ ಅವನ ಸುಪರ್ದಿ. ಸೈಕಲ್ ಅಂಗಡಿಯ ಕೆಂಪಣ್ಣ ಒಪ್ಪಲಿಲ್ಲ. ಕೆಂಪಣ್ಣ ಬದುಕಿನಲ್ಲಿ ನೋಡಿದ್ದೇ ಒಂದು ರೈಲು, ಅದೂ ಹೊರಟುಹೋಗುವಾಗ, ಹಿಂಭಾಗ ಮಾತ್ರ. ಹಾಗಾಗಿ ಅವನಿಗೆ ಯಾವ ಇಂಜಿನಿನ ಮೇಲೂ ಪಕ್ಷಪಾತವಿಲ್ಲವೆಂದು ತೀರ್ಪು ಯಾವಾಗಲೂ ಅವನದೇ.

ಮೊಣ್ಣಪ್ಪ ತನ್ನ ಕುರೂಪಿಯನ್ನು ಮುಂದಿಟ್ಟ. ಗುಂಡು ತಾಗದಿರಲೆಂದು ಸುತ್ತಲೂ ಕಬ್ಬಿಣದ ಹಲಗೆ ಬಡಿದ ಇಂಜಿನು ಅದಂತೆ. ಮುಂದೆ ಯಾವುದು, ಹಿಂದೆ ಯಾವುದು ಎಂದು ಅದನ್ನು ಓಡಿಸುವವನಿಗೇ ಗೊತ್ತಿರಲಿಲ್ಲವಂತೆ.

"ದೊಡ್ಡ ಟ್ರಂಕು ಪೆಟ್ಟಿಗೆಗೆ ಚಕ್ರ ಇಟ್ಟ ಹಾಗೆ ಮಾರಾಯ. ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ," ಎಂದ.

ಕೆಂಪಣ್ಣ ಇನ್ನೇನು ತೀರ್ಪು ಕೊಡುವುದರಲ್ಲಿದ್ದ. ಆಗ ಸಣ್ಣಸ್ವಾಮಿ ಪೊಟ್ಟಣ ಹಿಡಿದು ಬಾಗಿಲ ಹೊಸ್ತಿಲ ಮೇಲಿದ್ದವನು ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ಹುಟ್ಟೂರಿನ ಹಳಿಯ ಪಕ್ಕದಲ್ಲಿ ಬೆಳೆದವನಿಗೆ ಯಾವನೋ ಉತ್ತರದ ಪೆಟ್ಟಿಗೆ ಗೆಲ್ಲುವುದನ್ನು ಸಹಿಸಲಾಗಲಿಲ್ಲ.

ನಮ್ಮೂರ ಲೈನಿನಲ್ಲಿ ಓಡುತ್ತಿದ್ದ ಹಳೆಯ ಇಂಜಿನನ್ನು ನೀವು ನೋಡಿಲ್ಲ ಎಂದು ಶುರುಮಾಡಿದ. ಅದನ್ನು ಜನ ಚಲುವಮ್ಮ ಅಂತ ಕರೆಯುತ್ತಿದ್ದರು. ಹಿಂದೊಮ್ಮೆ ಅವನು ಹೆಣ್ಣು ನೋಡಲು ಹೊರಟಾಗ ಹೊಸ ಬಿಳಿ ಅಂಗಿಗೆ ಅದೇ ಚಲುವಮ್ಮ ಕಿಡಿ ಉಗುಳಿ, ಅಂಗಿ ಜರಡಿಯಾಗಿ, ಆ ಸಂಬಂಧವೂ ಅಲ್ಲೇ ಸೋರಿಹೋಗಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಪೊಟ್ಟಣ ಬೆಂಚಿನ ಮೇಲಿಟ್ಟು, ಎರಡು ಕೈಯನ್ನೂ ಬಿಡುವು ಮಾಡಿಕೊಂಡ.

"ಚಲುವಮ್ಮನಂಥ ಕುರೂಪಿ ಭೂಮಿ ಮೇಲೆ ಇಲ್ಲ ಕಣಣ್ಣ. ಆ ಹೆಸರಿಟ್ಟೋನಿಗೆ ಕಣ್ಣಿರಲಿಲ್ಲ. ಮುಸುಡಿ ನೋಡಿದ್ರೆ ಬಾಣಲೆ ಮಗುಚಿದಂಗೆ. ಹೊಟ್ಟೆ ನೆಲ ಮುಟ್ತದೆ. ನಾಲ್ಕು ಮಾರು ಹೋಗೋದ್ರೊಳಗೆ ಬಿಂದಿಗೆಗಟ್ಲೆ ನೀರು ಕುಡೀತಾಳೆ, ಮೂಗಲ್ಲಿ ಬಾಯಲ್ಲಿ ಹೊಗೆ ಬುಡ್ತಾಳೆ. ಏರು ಬಂತೋ, ಹಿಂದಿಂದ ಜನ ತಳ್ಬೇಕು. ಕೂಗಿದ್ಲು ಅಂದ್ರೆ ಮೂರು ಊರಿನ ಮಕ್ಕಳು ಎದ್ದು ಅಳ್ತವೆ."

ಕೆಂಪಣ್ಣ ತೊಡೆ ತಟ್ಟಿ, ಚಲುವಮ್ಮನೇ ಗೆದ್ದಳು ಎಂದು ತೀರ್ಪು ಕೊಟ್ಟ. ಅದೇ ಹೊತ್ತಿಗೆ ಹಿತ್ತಿಲ ಕಡೆಯ ತಟ್ಟಿಯ ಹಿಂದೆ ಹೋಟೆಲಿಗೆ ಹಾಲು ಅಳೆದು ಹಾಕುತ್ತಿದ್ದ ಹುಚ್ಚಮ್ಮನ ಕೈಯಿಂದ ಅಳತೆಯ ಪಾವು ಕೆಳಗೆ ಬಿತ್ತು. ಅವಳ ಕಿವಿಗೆ ಬಿದ್ದದ್ದು ಚಲುವಮ್ಮ ಎಂಬಲ್ಲಿಂದ ಮುಂದಿನದಷ್ಟೆ. ಕೂಡಿಗೆಯ ಪುಟ್ಟಿಯ ನಿಜವಾದ ಹೆಸರೂ ಚಲುವಮ್ಮ.

ಸಣ್ಣಸ್ವಾಮಿ ಗೆದ್ದ ಹುಮ್ಮಸ್ಸಿನಲ್ಲಿ ಇನ್ನೆರಡು ಕಾಫಿ ಕುಡಿದು ಮನೆಗೆ ಬಂದಾಗ ಒಲೆ ಆರಿತ್ತು. ವನಜಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ಆ ಹುಡುಗಿ ಏನ್ಲಾ ಮಾಡಿತ್ತು ನಿಂಗೆ? ಒಲ್ಲೆ ಅಂದಿದ್ರೆ ಸಾಕಿತ್ತು. ಬೀಡಿ ಸೇದ್ತಾಳೆ ಅಂತ ಹೋಟೆಲಲ್ಲಿ ಸಾರ್ಬೇಕಿತ್ತಾ?"

ವನಜಮ್ಮನ ಬಾಯಿಂದ ವಿಷಯ ಹೊರಬರುವಷ್ಟರಲ್ಲಿ ಅದು ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಹೊಗೆ ಬೀಡಿಯಾಗಿತ್ತು. ನೀರು ಯಾವಾಗಲೋ ಸಾರಾಯಿಯಾಗಿತ್ತು. ಹಿಂದಿಂದ ತಳ್ಳಬೇಕು ಎಂದದ್ದು, ಅವಳಿಗೆ ಕಾಲು ಸ್ವಾಧೀನವಿಲ್ಲ ಎಂದಾಗಿತ್ತು. ಇಂಥ ಹುಡುಗಿಯನ್ನು ಗಂಟು ಹಾಕಲು ಹೊರಟ ಹುಚ್ಚಮ್ಮನಿಗೆ ಎಷ್ಟು ಸಿಕ್ಕಿತು ಎಂದು ಯಾರೋ ಕೇಳಿದ್ದರಂತೆ. ಅವಳು ತನ್ನ ಮಾನ ಉಳಿಸಿಕೊಳ್ಳಲು, ಹುಡುಗ ಹೀಗೆಲ್ಲ ಅಂದ ಎಂದು ಹೇಳಿಬಿಡುವುದೇ ಸರಿಯೆಂದು ಕೂಡಿಗೆ ಕಡೆ ಹೊರಟ ಗಾಡಿ ಹತ್ತಿದ್ದಳು.

ಪುಟ್ಟಿಯ ಹೆಸರೂ ಚಲುವಮ್ಮನೇ ಎಂದು ಸಣ್ಣಸ್ವಾಮಿಗೆ ಅರ್ಥವಾಗಲು ಒಂದು ಲೋಟ ನೀರು ಬೇಕಾಯಿತು. ಅರ್ಥವಾದ ಮೇಲೆ ಓಡಿದ. ಸಾಕ್ಷಿಗಳಿಲ್ಲದೆ ಹೋದರೆ ಯಾರೂ ನಂಬುವುದಿಲ್ಲವೆಂದು ಕೆಂಪಣ್ಣನನ್ನೂ ಮೊಣ್ಣಪ್ಪನನ್ನೂ ಎಳೆದುಕೊಂಡ. ಅಂಗಡಿಯಲ್ಲಿ ಗಾಳಿಯಿದ್ದದ್ದು ಒಂದೇ ಸೈಕಲ್. ಮೂವರೂ ಅದರ ಮೇಲೆ ಹೇರಿಕೊಂಡು ಹೊರಟಾಗ ಅದು ಮದುವೆಗೆ ಹೊರಟ ಕುದುರೆಯಂತೆ ಕಾಣಲಿಲ್ಲ, ಸಂತೆಗೆ ಹೊರಟ ಕೋಳಿಗಳಂತೆ ಕಂಡಿತು. ಹಿಂದೆ ಕೂತ ಮೊಣ್ಣಪ್ಪ ದಾರಿಯುದ್ದಕ್ಕೂ, ತೀರ್ಪು ಅವಸರದ್ದಾಯಿತು, ಕಬ್ಬಿಣದ ಹಲಗೆಯ ವಿಷಯ ಇನ್ನೂ ಹೇಳುವುದಿತ್ತು ಎಂದು ವಾದಿಸುತ್ತಿದ್ದ. ಇಳಿಜಾರಿನಲ್ಲಿ ಚೈನು ಕಳಚಿತು. ಸಣ್ಣಸ್ವಾಮಿ ಅದನ್ನು ಏರಿಸಿ, ಅದೇ ಕೈಯಿಂದ ಬೆವರು ಒರೆಸಿಕೊಂಡ. ಹಣೆಯಿಂದ ಗಲ್ಲದವರೆಗೆ ಮಸಿ ಹತ್ತಿತು.

ಕೂಡಿಗೆಯಲ್ಲಿ ತಿಮ್ಮಯ್ಯನವರು ಜಗಲಿಯ ಮೇಲೆ ಕೂತಿದ್ದರು. ಮನೆ ನೋಡಲು ಹೊರಡಲೆಂದು ಉಟ್ಟ ಜರಿಪಂಚೆ ಇನ್ನೂ ಮೈಮೇಲಿತ್ತು. ಹುಚ್ಚಮ್ಮ ಕಂಬಕ್ಕೆ ಒರಗಿ, ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಎಲೆ ಮಡಿಸುತ್ತಿದ್ದಳು. ಬಾಗಿಲ ಹಿಂದೆ ಬಳೆಯ ಸದ್ದಿತ್ತು.

ಅಪ್ಪಾವ್ರೇ, ನಾನು ಅಂದದ್ದು ನಿಮ್ಮ ಮಗಳನ್ನಲ್ಲ, ಒಂದು ರೈಲು ಇಂಜಿನನ್ನು ಎಂದು ಅವನು ತೊದಲಿದ. ಹುಡುಗಿಯ ಹೆಸರೇ ತನಗೆ ಗೊತ್ತಿರಲಿಲ್ಲ ಎಂದ. ಕೆಂಪಣ್ಣ ಎದೆ ಮುಟ್ಟಿಕೊಂಡು ಹೌದೆಂದ. ಮೊಣ್ಣಪ್ಪ ಕಾವೇರಮ್ಮನ ಮೇಲೆ ಆಣೆ ಇಟ್ಟ. ಬಾಯ್ಲರಿನಿಂದ ಹಿಡಿದು ಎಲ್ಲವನ್ನೂ ಮೂವರೂ ಒಟ್ಟಿಗೆ ಹೇಳಿದರು.

ತಿಮ್ಮಯ್ಯನವರ ಹುಬ್ಬು ನಿಧಾನವಾಗಿ ಇಳಿಯಿತು. ಬಾಗಿಲ ಹಿಂದೆ ಕಿಸಕ್ಕನೆ ನಗು ಕೇಳಿಸಿತು.

"ಅಯ್ಯೋ, ಇಷ್ಟೇನಾ," ಎಂದರು ತಿಮ್ಮಯ್ಯ. "ಹುಚ್ಚಮ್ಮ, ನೀನೂ ಸರಿ. ಪುಟ್ಟೀ, ಕಾಫಿ ತಾರವ್ವ. ಕೂತ್ಕಳಿ ಎಲ್ಲಾರೂ."

ಪುಟ್ಟಿ ಕಾಫಿ ತಂದಳು. ಅವನ ಮುಖದ ಮಸಿ ನೋಡಿ ತುಟಿ ಕಚ್ಚಿಕೊಂಡಳು. ಸಣ್ಣಸ್ವಾಮಿ ಬಿಟ್ಟ ಉಸಿರಿಗೆ ಲೋಟದ ನೊರೆ ಹಾರಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಮದುವೆಯ ಊಟದಲ್ಲಿ ಮುಗಿಯುತ್ತಿತ್ತು.

"ಅಂದಂಗೆ ಅದು ಯಾವ ಇಂಜಿನ್ನು?" ತಿಮ್ಮಯ್ಯ ಕೇಳಿದರು.

ಮಾವನಾಗುವವರು ಇಷ್ಟು ಪ್ರೀತಿಯಿಂದ ಕೇಳಿದಾಗ ಅಳಿಯನಾಗುವವನು ಚೌಕಾಸಿ ಮಾಡುತ್ತಾನೆಯೇ? ಹೊಳೆನರಸೀಪುರದ ಲೈನು ಎಂದ. ಎದ್ದು ನಿಂತು ಹೋಟೆಲಿನಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ, ಈ ಸಲ ಇನ್ನೂ ಚೆನ್ನಾಗಿ ಹೇಳಿದ. ಮಗುಚಿದ ಬಾಣಲೆಯನ್ನು ಅಂಗೈಯಲ್ಲಿ ತೋರಿಸಿದ. ಹೊಟ್ಟೆ ಉಬ್ಬಿಸಿ, ಏರಿನಲ್ಲಿ ಏದುಸಿರು ಬಿಡುವ ಚಲುವಮ್ಮನಾಗಿ ಅಂಗಳದಲ್ಲಿ ಒಂದು ಸುತ್ತು ನಡೆದ. ಬೆಳಿಗ್ಗೆ ಮರೆತಿದ್ದ ಚಿಮಣಿಯನ್ನೂ ಸೇರಿಸಿದ. ಅದು ಮುರುಕು ಒನಕೆಯನ್ನು ಹಂಡೆಗೆ ಚುಚ್ಚಿದಂತಿದೆ ಎಂದ. ಆ ಹೆಸರಿಟ್ಟೋನಿಗೆ ಕಣ್ಣಿರಲಿಲ್ಲ ಎಂದು ಮುಗಿಸಿ, ಚಪ್ಪಾಳೆಗೆ ಕಾದ.

ತಿಮ್ಮಯ್ಯ ಲೋಟ ಕೆಳಗಿಟ್ಟರು. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಹಿತ್ತಾಳೆಯ ಸೀಟಿಯನ್ನು ತಂದರು. ಇಂಜಿನಿನ ನೆತ್ತಿಯ ಮೇಲಿರುವಂಥದು. ದೇವರ ಮನೆಯಲ್ಲಿತ್ತೆಂದು ಕಾಣುತ್ತದೆ, ಅದಕ್ಕೆ ಕುಂಕುಮವಿತ್ತು. ಸುಟ್ಟ ಕಲೆಗಳ ಆ ಕೈ ಅದನ್ನು ಮೆಲ್ಲಗೆ ಸವರಿತು.

"ಹೆಸರಿಟ್ಟೋನು ನಾನೇ," ಎಂದರು. "ಅವಳ ಡ್ರೈವರ್ ನಾನು. ಶೆಡ್ಡಿಗೆ ಬಂದ ದಿನ ನಾನೇ ಕಾಯಿ ಒಡೆದು ಹೆಸರಿಟ್ಟೆ. ಆಮೇಲೆ ಈ ಮಗು ಹುಟ್ಟಿತು. ಥೇಟು ಅವಳ ಹಂಗೇ ಇತ್ತು, ಅದೇ ಕೂಗು, ಅದೇ ಕಳೆ. ಅದಕ್ಕೇ ಇವಳಿಗೂ ಅದೇ ಹೆಸರು."

ಬಾಗಿಲ ಹಿಂದಿನ ಬಳೆಗಳು ನಿಂತವು. ಸಣ್ಣಸ್ವಾಮಿ ಕೆಂಪಣ್ಣನ ಕಡೆ ನೋಡಿದ. ಕೆಂಪಣ್ಣ ಮಾಡಿನ ಹೆಂಚು ನೋಡುತ್ತಿದ್ದ.

"ಮಗಳನ್ನ ಅಂದಿದ್ರೆ ಬೈದು ಸುಮ್ಮನಾಗ್ತಿದ್ದೆ. ಮದುವೆ ಆದ್ಮೇಲೆ ಅವಳೇ ಪಾಠ ಕಲಿಸೋಳು. ಇದು ಹಂಗಲ್ಲ. ನೀವು ಹೊರಡಿ."

"ನಾ ಹೇಳಿದ್ದು ಸುಳ್ಳಾ ಈಗ?" ಎಂದಳು ಹುಚ್ಚಮ್ಮ ಎಲೆ ಬಾಯಿಗಿಡುತ್ತ. "ಥೇಟು ಹಂಗೇ ಅಂತೆ. ಅಲ್ಲಿಗೆ ಅಂದಿದ್ದು ಹುಡುಗೀನೇ ಆಯ್ತಲ್ಲ."

ಪುಟ್ಟಿ ಹೊರಗೆ ಬಂದು, ಅವನ ಕೈಯಲ್ಲಿದ್ದ ಅರ್ಧ ಕಾಫಿಯ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು. ಈ ಸಲ ನಗಲಿಲ್ಲ.

ಸಣ್ಣಸ್ವಾಮಿ ಸೈಕಲ್ ಎತ್ತಿದ. ಸಾಕ್ಷಿಗಳೂ ಏಳಲು ಹೋದರು. ತಿಮ್ಮಯ್ಯ ಮೊಣ್ಣಪ್ಪನ ಭುಜ ಹಿಡಿದು ಕೂರಿಸಿದರು. ಊರು ಬಿಟ್ಟ ಮೇಲೆ ರೈಲಿನ ಮಾತಾಡುವ ಒಬ್ಬ ಮನುಷ್ಯನೂ ತಮಗೆ ಸಿಕ್ಕಿರಲಿಲ್ಲ, ಆ ಯುದ್ಧದ ಇಂಜಿನಿನ ವಿಷಯ ಪೂರ್ತಿ ಹೇಳಿಯೇ ಹೋಗಬೇಕು ಎಂದರು. ಇನ್ನೊಂದು ಸುತ್ತು ಕಾಫಿಗೆ ಕೂಗಿದರು. ಮೊಣ್ಣಪ್ಪ ಸಣ್ಣಸ್ವಾಮಿಯ ಕಡೆ ನೋಡಿ, ಕೈ ಮೀರಿದೆ ಎಂಬಂತೆ ತಲೆಯಾಡಿಸಿ, ಕಾಲು ಮಡಿಸಿ ಕೂತ. ಬೇಲಿ ದಾಟುವಾಗ ಒಳಗಿಂದ ಟ್ರಂಕು ಪೆಟ್ಟಿಗೆ, ಚಕ್ರ ಎಂಬ ಮಾತುಗಳೂ, ತಿಮ್ಮಯ್ಯನವರ ದೊಡ್ಡ ನಗುವೂ ಕೇಳಿಸಿದವು. ಅಲ್ಲೇ ಉಳಿದ ಕೆಂಪಣ್ಣ ಹಳೆಯ ತೀರ್ಪನ್ನು ಹಿಂತೆಗೆದುಕೊಳ್ಳುತ್ತಿದ್ದ.

ಚೈನು ಮತ್ತೆ ಕಳಚಿದ್ದರಿಂದ ಸಣ್ಣಸ್ವಾಮಿ ಸೈಕಲ್ ತಳ್ಳಿಕೊಂಡೇ ಕುಶಾಲನಗರ ಸೇರಿದ. ಮನೆಗೆ ಹೋಗಲು ಮುಖವಿಲ್ಲದೆ ಹೋಟೆಲಿಗೆ ನುಗ್ಗಿದ. ರೈಲು ಬೆಂಚಿನ ಮೇಲೆ ಮೈಸೂರು ಪಾಕಿನ ಪೊಟ್ಟಣ ಬೆಳಿಗ್ಗೆ ಇಟ್ಟಲ್ಲೇ ಇತ್ತು. ಇರುವೆಗಳು ಮಾತ್ರ ಶಾಸ್ತ್ರೋಕ್ತವಾಗಿ ಸಾಲುಗಟ್ಟಿ ಬಂದಿದ್ದವು.

ಶಿವಮ್ಮ ಬಾಯ್ಲರಿಗೆ ಕೆಂಡ ಹಾಕುತ್ತ ಕೇಳಿದಳು, "ಎಲ್ಲದಕ್ಕಿಂತ ಕುರೂಪಿ ಯಾವುದು ಅಂತ ಕೊನೆಗೂ ತೀರ್ಮಾನ ಆಯ್ತೇನಪ್ಪ?"

ಸಣ್ಣಸ್ವಾಮಿ ತಲೆಯೆತ್ತಿದ. ಬಾಯ್ಲರಿನ ಉಬ್ಬಿದ ತಾಮ್ರದ ಹೊಟ್ಟೆಯೊಳಗಿಂದ ಒಂದು ಮುಖ ಅವನನ್ನೇ ನೋಡುತ್ತಿತ್ತು. ಮಗುಚಿದ ಬಾಣಲೆಯಂತೆ ಚಪ್ಪಟೆ, ಗಲ್ಲದವರೆಗೆ ಮಸಿ, ನೆತ್ತಿಯ ಮೇಲೆ ಸರಿಯಾಗಿ ಹೊಗೆ ಕೊಳವೆ.

"ಆಯ್ತು ಕಣಮ್ಮ," ಎಂದ.