ಬಸವಂತನ ಬಲಗಾಲು

ಬಸವಂತ ಬಾಗಲಕೋಟೆಗೆ ಹೋಗಿ ಗಿಟಾರಿಗೆ ಪೆಡಲ್ ತಂದದ್ದು ತಪ್ಪಲ್ಲ. ತಂದದ್ದನ್ನು ಇಳಕಲ್ಲಿನ ತನ್ನ ಓಣಿಯಲ್ಲಿ, ಹಾಡಹಗಲೇ, ಮನೆಯ ಕಟ್ಟೆಯ ಮೇಲೆ ಬಿಚ್ಚಿದ್ದು ತಪ್ಪು. ಆ ಓಣಿಯಲ್ಲಿ ಕಾಲಿನಿಂದ ಹೊಟ್ಟೆ ಹೊರೆಯದವರು ಕಡಿಮೆ. ಮಗ್ಗ ತುಳಿಯುವವರು, ಹೊಲಿಗೆ ಮಶಿನ್ ತುಳಿಯುವವರು, ಮೂರು ಗಾಲಿಯ ಟಂಟಂ ಗಾಡಿಯ ಬ್ರೇಕ್ ತುಳಿಯುವವರು. ಅಂಥವರ ನಡುವೆ ತುಳಿಯುವ ಸಾಮಾನೊಂದನ್ನು ತೆರೆದಿಟ್ಟರೆ ಅವರು ಸುಮ್ಮನೆ ನೋಡಿ ಹೋಗುತ್ತಾರೆಯೇ?

ಬಸವಂತ ಹಗಲು ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಮಗ್ಗಗಳ ಅಬ್ಬರದಲ್ಲಿ ಅವನ ಮಾತು ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಲಗ್ನದ ಸೀಜನ್ನಿನಲ್ಲಿ ಅಕ್ಬರಸಾಬರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಅಲ್ಲಿ ಅವನ ಗಿಟಾರು ಕೇಳುತ್ತಿರಲಿಲ್ಲ. ಅಕ್ಬರಸಾಬರು ಕೀಬೋರ್ಡಿನ ಮುಂದೆ ಎರಡೂ ತೋಳು ಚಾಚಿ ನಿಂತರೆ ಹಿಂದೆ ಕೂತ ಬಸವಂತ ಕಾಣುತ್ತಲೂ ಇರಲಿಲ್ಲ. ಅವನ ತಾಯಿ ಪದ್ಮವ್ವ ಎಷ್ಟೋ ಕಾರ್ಯಕ್ರಮಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದಳು. ಪ್ರತಿ ಸಲವೂ ಮನೆಗೆ ಬಂದಮೇಲೆ ಅದೇ ಮಾತು.

"ಎಲ್ಲಾ ಚಲೋ ಇತ್ತಪಾ. ಅದರಾಗ ನಿಂದು ಯಾವ ಸದ್ದು?"

ಈ ಮಾತು ಬಸವಂತನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಒಂದೇ ಒಂದು ಸಲ ಅವ್ವನಿಗೆ ತನ್ನ ಗಿಟಾರು ಕೇಳಬೇಕು, ಅಷ್ಟೇ ಅವನ ಆಸೆ. ಬೆನ್ನು ಹತ್ತಿ ಕಾಡಿದ ಮೇಲೆ ಅಕ್ಬರಸಾಬರು ಒಪ್ಪಿದರು.

"ಆತು ತಗೋ. ಹುನಗುಂದದ ಲಗ್ನದಾಗ ಎರಡ ಹಾಡಿನ ನಡುವ ಒಂದ ತುಣುಕು ನೀ ಒಬ್ಬನ ಬಾರಸು. ಮಂದಿ ಮೆಚ್ಚಿದ್ರ ಮುಂದಿನ ಕುರ್ಚಿ ನಿಂದು. ಮೆಚ್ಚಲಿಲ್ಲ ಅಂದ್ರ ಮತ್ತ ನನ್ನ ತಲಿ ತಿನ್ನಬ್ಯಾಡ."

ಆ ತುಣುಕಿಗಾಗಿಯೇ ಪೆಡಲ್ ಬೇಕಾಗಿತ್ತು. ಅದಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಎಂದು ಹೆಸರು. ಬೆರಳುಗಳು ತಂತಿಯ ಮೇಲಿರುವಾಗಲೇ ಕಾಲಿನಿಂದ ಅದನ್ನು ಮೆಲ್ಲಗೆ ಮುಂದಕ್ಕೆ ಒತ್ತುತ್ತ ಹೋದರೆ, ಎಲ್ಲಿಂದಲೋ ಬಂದಂತೆ ಸದ್ದು ಸಣ್ಣಗೆ ಹುಟ್ಟಿ ಇಡೀ ಮಂಟಪವನ್ನು ತುಂಬುತ್ತದೆ. ಬಾಗಲಕೋಟೆಯ ಅಂಗಡಿಯವನು ಎರಡು ಬಗೆಯವನ್ನು ತೋರಿಸಿದ. ಪ್ಲಾಸ್ಟಿಕ್ಕಿನದು ಹಗುರ, ಆದರೆ ಒತ್ತಿದಾಗಲೆಲ್ಲ ಕಾಲು ಬಿಟ್ಟು ಜಾರಿ ಓಡುತ್ತಿತ್ತು. ಕಬ್ಬಿಣದ್ದು ಇಸ್ತ್ರಿ ಪೆಟ್ಟಿಗೆಯಷ್ಟು ಭಾರ, ಇಟ್ಟಲ್ಲೇ ಇರುತ್ತಿತ್ತು. ಇಟ್ಟಲ್ಲೇ ಇರುವ ಗುಣ ತನ್ನದೂ ಹೌದು ಎಂದುಕೊಂಡು ಬಸವಂತ ಕಬ್ಬಿಣದ್ದನ್ನೇ ಆರಿಸಿ ತಂದ.

ಮರುದಿನ ಸಂಜೆಯೇ ಲಗ್ನದ ಕಾರ್ಯಕ್ರಮ. ಬೆಳಿಗ್ಗೆ ಕಟ್ಟೆಯ ಮೇಲೆ ಪೆಡಲ್ ಬಿಚ್ಚಿಟ್ಟು, ಅದರ ಮಗ್ಗುಲಿನ ತಿರುಪನ್ನು ತನ್ನ ಕಾಲಿಗೆ ಹೊಂದುವಂತೆ ಬಿಗಿ ಮಾಡುತ್ತಿದ್ದಾಗ ಹುಚ್ಚೇಶ ಕಾಕಾ ಬಂದ. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಮುದುಕನಾದವನು. ಬರಿಗಾಲಿನ ಹೆಬ್ಬೆರಳಿನಿಂದ ಪೆಡಲನ್ನು ಒತ್ತಿ ನೋಡಿದ.

"ಇಷ್ಟ ಬಿರುಸ ಇದ್ರ ಹೆಂಗಲೇ? ತುಳಿಯೂದಂದ್ರ ಹೆಬ್ಬಟ್ಟಿಗೆ ಮಣೀಬೇಕು."

"ಕಾಕಾ, ಅದು ಬಿರುಸ ಇರಬೇಕು."

"ನನಗ ಹೇಳ್ತಿ? ನಿಮ್ಮಪ್ಪಗ ತುಳಿಯಾಕ ಕಲಿಸಿದಾಂವ ನಾ."

ಬಸವಂತ ಚಹಾ ತರಲು ಒಳಗೆ ಹೋಗಿ ಬರುವುದರೊಳಗೆ ಕಾಕಾ ತಿರುಪನ್ನು ಸಡಿಲು ಮಾಡಿ ಮುಗಿಸಿದ್ದ. ಪೆಡಲ್ ಈಗ ನೊಣ ಕೂತರೂ ಮುಂದಕ್ಕೆ ಬೀಳುವಂತಾಗಿತ್ತು. ಅಷ್ಟರಲ್ಲಿ ಎದುರು ಮನೆಯ ಕಾಸಿಂಬಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಓಣಿಯ ಜಂಪರುಗಳೆಲ್ಲ ಅವಳ ಮೋಟಾರು ಮಶಿನ್ನಿನಿಂದಲೇ ಹೊರಬರುತ್ತಿದ್ದವು.

"ಬಸ್ಯಾ, ನಿನಗ ಕೆಟ್ಟ ಮಾಲು ಹಚ್ಚ್ಯಾನ ಅಂಗಡ್ಯಾಂವ. ಕಾಲ ತಗದ್ರೂ ಇದು ಮ್ಯಾಲ ಏಳವಲ್ದು."

"ಎಲ್ಲಿ ಬಿಡ್ತೇನಿ ಅಲ್ಲೇ ನಿಂದರಬೇಕು ಚಾಚಿ. ಅದ ಅದರ ರೀತಿ."

"ಯಾ ರೀತಿನೋ. ನನ್ನ ಮಶಿನ್ ಹಂಗ ನಿಂತಿದ್ರ ಇಷ್ಟೊತ್ತಿಗೆ ನನ್ನ ಬೆರಳ ಜಂಪರಿಗೆ ಹೊಲದು ಕೊಟ್ಟಿರ್ತಿದ್ನಿ."

ಅವಳು ಲಂಗಕ್ಕೆ ಹಾಕುವ ಇಲಾಸ್ಟಿಕ್ಕನ್ನು ತಂದು ಪೆಡಲಿಗೆ ಎಳೆದು ಕಟ್ಟಿಯೇಬಿಟ್ಟಳು. ಬಸವಂತ ಒಮ್ಮೆ ತುಳಿದು ಕಾಲು ಎತ್ತಿದ್ದಕ್ಕೆ ಅದು ಚಿಮ್ಮಿ ಬಂದು ಅವನ ಮೊಳಕಾಲ ಕೆಳಗಿನ ಎಲುಬಿಗೆ ಬಡಿಯಿತು. ಅವನು ಕಾಲು ಹಿಡಿದುಕೊಂಡು ಕುಂಟುತ್ತಿರುವಾಗ ಟಂಟಂ ಓಡಿಸುವ ಶಕೀಲ ಬಂದು, ಪೆಡಲ್ ಅಂದಮೇಲೆ ಗ್ರೀಸ್ ಬೇಕೇ ಬೇಕು ಎಂದು ಕೀಲುಗಳಿಗಷ್ಟೇ ಅಲ್ಲದೆ ಕಾಲಿಡುವ ಜಾಗಕ್ಕೂ ಧಾರಾಳವಾಗಿ ಬಳಿದ. ಕೊನೆಗೆ ಪದ್ಮವ್ವ ಬಂದು ಆ ಗ್ರೀಸಿನ ಮೇಲೆಯೇ ಕುಂಕುಮ ಹಚ್ಚಿ ಕೈಮುಗಿದಳು.

"ಪೂಜಿ ಮಾಡೇನಿ. ಇನ್ನ ಚಪ್ಪಲಿ ಕಾಲು ಇದರ ಮ್ಯಾಲ ಇಡಬ್ಯಾಡ. ನಿಮ್ಮಪ್ಪ ಎಂದೂ ಬೂಟ ಹಾಕ್ಕೊಂಡು ಮಗ್ಗ ತುಳದಾಂವ ಅಲ್ಲ."

ಅವ್ವನ ಮಾತು ಮೀರುವ ಧೈರ್ಯ ಬಸವಂತನಿಗಿರಲಿಲ್ಲ. ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಕಾಸಿಂಬಿ ಮುನಿಯಬಾರದೆಂದು ಇಲಾಸ್ಟಿಕ್ಕನ್ನು ಕೀಳದೆ ಎಲುಬಿಗೆ ಬಡಿಯದಷ್ಟು ಸಡಿಲಿಸಿದ, ಗ್ರೀಸ್ ಒರೆಸಿದ, ತಿರುಪು ಮತ್ತೆ ಬಿಗಿ ಮಾಡಿದ, ಬರಿಗಾಲಿನಲ್ಲೇ ತುಳಿದು ರೂಢಿ ಮಾಡಿಕೊಂಡ. ಸಂಜೆ ಶಕೀಲನ ಟಂಟಮ್ಮಿನಲ್ಲಿ ಗಿಟಾರಿನ ಜೊತೆ ಓಣಿಯ ಸಲಹೆಗಾರರೆಲ್ಲ ಹತ್ತಿ ಕೂತರು. ಬೇಡ ಎನ್ನಲು ಗಾಡಿ ಅವನದಲ್ಲ.

ಹುನಗುಂದದ ಮಂಟಪದಲ್ಲಿ ಎಲ್ಲವೂ ನೆಟ್ಟಗೆ ನಡೆಯಿತು. ವೇದಿಕೆಯ ಮೇಲೆ ವಯರು ಜೋಡಿಸಿ ತುಳಿದು ನೋಡಿದರೆ ಸದ್ದು ಬೇಕಾದಂತೆ ಏರಿತು, ಬೇಕಾದಂತೆ ಇಳಿಯಿತು. ಅಕ್ಬರಸಾಬರೂ ತಲೆದೂಗಿದರು. "ಉಂಡು ಬಾ ಹೋಗು, ಪಂಕ್ತಿ ಏಳತೈತಿ" ಅಂದರು. ಪೆಡಲ್ ಯಾರೂ ಮುಟ್ಟದಂತೆ ನೋಡಿಕೊಳ್ಳಲು ಹುಚ್ಚೇಶ ಕಾಕಾನನ್ನೇ ಕೂಡಿಸಿ ಬಸವಂತ ಊಟಕ್ಕೆ ಹೋದ. ಬೆಕ್ಕನ್ನು ಹಾಲಿಗೆ ಕಾವಲಿಟ್ಟಂತಾಯಿತು ಎಂದು ಅವನಿಗೆ ಹೊಳೆಯದೆ ಹೋಯಿತು.

ಬಸವಂತ ತುಳಿದು ನೋಡಿದಾಗ ಕಾಕಾನಿಗೆ ಕಂಡದ್ದೊಂದು ಕಟ್ಟಿರುವೆಯಂತೆ ತಲೆಯೊಳಗೆ ಹರಿದಾಡುತ್ತಿತ್ತು. ಮಗ್ಗದಲ್ಲಿ ಕಾಲು ಒತ್ತಿದರೆ ಎಳೆಗಳು ಕೆಳಗೆ ಇಳಿಯುತ್ತವೆ. ಲೋಕವೆಲ್ಲ ಹಾಗೆಯೇ, ಒತ್ತಿದ್ದು ಇಳಿಯಬೇಕು. ಇದರಲ್ಲಿ ಮಾತ್ರ ಒತ್ತಿದರೆ ಸದ್ದು ಏರುತ್ತದೆ. ಎಂಥವನೋ ಉಲ್ಟಾ ಜೋಡಿಸಿದ್ದಾನೆ ಎಂದು ಪೆಡಲನ್ನು ಮಗುಚಿ ನೋಡಿದ. ಅದರ ಅಡಿಯಲ್ಲಿ ಅತ್ತ ಇತ್ತ ಸರಿಯುವ ಒಂದು ಸಣ್ಣ ಗುಂಡಿ ಸಿಕ್ಕಿತು. ಒತ್ತಿದರೆ ಏರುವ ಸದ್ದನ್ನು ಇಳಿಯುವಂತೆ ತಿರುವುಮುರುವು ಮಾಡಲೆಂದೇ ಇಟ್ಟ ಗುಂಡಿ ಅದು. ಕಾಕಾ ಉಗುರಿನಿಂದ ಅದನ್ನು ಆಚೆಗೆ ಸರಿಸಿ, ಪೆಡಲನ್ನು ಮೊದಲಿನಂತೆಯೇ ಇಟ್ಟು, ವೇದಿಕೆಯಿಂದ ಇಳಿದು ಪದ್ಮವ್ವನ ಪಕ್ಕದಲ್ಲಿ ಕೂತ. ಮಾಡಿದ ಉಪಕಾರವನ್ನು ಹೇಳಿಕೊಂಡು ತಿರುಗುವ ಸ್ವಭಾವ ಅವನದಲ್ಲ.

ಮೊದಲ ಹಾಡಿಗೆ ಗಿಟಾರಿನ ಕೆಲಸವಿರಲಿಲ್ಲ. ಅದು ಮುಗಿದದ್ದೇ ಅಕ್ಬರಸಾಬರು ಬಸವಂತನ ಕಡೆ ಕೈ ಮಾಡಿದರು. ಮದುಮಕ್ಕಳನ್ನು ತೋರಿಸುತ್ತಿದ್ದ ದೊಡ್ಡ ಪರದೆಯ ಮೇಲೆ ಅವನ ಮುಖ ಮೂಡಿತು. ಅವನು ಕಣ್ಣು ಮುಚ್ಚಿ ಒಂದು ತಂತಿಯನ್ನು ಹಗುರಾಗಿ ಮೀಟಿ ಪೆಡಲನ್ನು ಮೆಲ್ಲಗೆ ಒತ್ತತೊಡಗಿದ. ಹುಟ್ಟಬೇಕಾದ ಸದ್ದು ಇದ್ದದ್ದೂ ಇಂಗಿಹೋಯಿತು. ಸಾಲದಾಯಿತೇನೋ ಎಂದು ಇನ್ನಷ್ಟು ಒತ್ತಿದ. ಪೂರ್ತಿ ಒತ್ತಿದ. ಬೆರಳುಗಳು ಜನ್ಮದಲ್ಲಿ ಬಾರಿಸದಷ್ಟು ಚೆನ್ನಾಗಿ ಬಾರಿಸುತ್ತಿದ್ದವು, ಮಂಟಪದಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ವಯರು ಕಿತ್ತಿರಬೇಕು ಎಂದು ಬಗ್ಗಿ ನೋಡಲು ಕಾಲು ಎತ್ತಿದ. ಇಲಾಸ್ಟಿಕ್ಕು ಪೆಡಲನ್ನು ಹಿಂದಕ್ಕೆ ಎಳೆಯಿತು.

ಲಾರಿಯಿಂದ ತಗಡಿನ ಹೊರೆ ಕೆಳಗೆ ಉರುಳಿದಂತಾಯಿತು. ಮುಂದಿನ ಸಾಲಿನಲ್ಲಿ ತೂಕಡಿಸುತ್ತ ಕೂತಿದ್ದ, ಮದುಮಗಳ ಅಜ್ಜ "ಏನ್ ಬಿತ್ತೋ" ಎಂದು ಎದ್ದು ನಿಂತ. ಅಕ್ಷತೆಯ ತಟ್ಟೆ ಹಿಡಿದವರು ತಟ್ಟೆ ಬಿಟ್ಟರು. ಪದ್ಮವ್ವ ಎರಡೂ ಕಿವಿ ಮುಚ್ಚಿಕೊಂಡಳು. ಬಸವಂತ ಗಾಬರಿಯಿಂದ ಕಾಲು ಊರಿದ. ಮತ್ತೆ ನಿಶ್ಶಬ್ದ.

ಅವನು ಕಾಕಾನ ಕಡೆ ನೋಡಿದ. ಕಾಕಾ ಅಂಗೈಯನ್ನು ಮೇಲಿಂದ ಕೆಳಕ್ಕೆ ಇಳಿಸಿ ತೋರಿಸಿ, ಈಗ ಸರಿಯಾಯಿತಲ್ಲ ಎನ್ನುವಂತೆ ತಲೆಯಾಡಿಸಿ ನಕ್ಕ. ಬಸವಂತನಿಗೆ ಎಲ್ಲವೂ ತಿಳಿಯಿತು. ತಿಳಿದು ಮಾಡುವುದೇನು? ಗುಂಡಿ ಸರಿಸಬೇಕಾದರೆ ಪೆಡಲ್ ಮಗುಚಬೇಕು, ಮಗುಚಬೇಕಾದರೆ ಕಾಲು ಎತ್ತಬೇಕು, ಕಾಲು ಎತ್ತಿದರೆ ಮತ್ತೆ ತಗಡಿನ ಲಾರಿ. ಗಿಟಾರಿನ ಮೇಲೇ ಸದ್ದು ತಗ್ಗಿಸುವ ಇನ್ನೊಂದು ತಿರುಗಣೆ ಇರುತ್ತದೆ, ಅದು ಅವನಿಗೆ ನೆನಪಾಗಲಿಲ್ಲ. ತಮಗಾದರೆ ನೆನಪಾಗುತ್ತಿತ್ತು ಎನ್ನುವವರು ಒಮ್ಮೆ ಹೋಗಿ ಆ ಕುರ್ಚಿಯಲ್ಲಿ ಕೂತು ನೋಡಲಿ.

ಅಕ್ಬರಸಾಬರು ಗಡಬಡಿಸಿ ಮುಂದಿನ ಹಾಡು ಎತ್ತಿಕೊಂಡರು. ಬಸವಂತ ಇಡೀ ಕಾರ್ಯಕ್ರಮ ಕಾಲು ಒತ್ತಿಕೊಂಡೇ ಕೂತ. ಮೀನಖಂಡ ಹಿಡಿದುಕೊಂಡಿತು, ಹಿಡಿತ ತೊಡೆಗೆ ಏರಿತು. ತುಟಿ ಕಚ್ಚಿದ, ಕಣ್ಣು ಮುಚ್ಚಿದ, ಕಣ್ಣಿನಿಂದ ನೀರು ಇಳಿಯಿತು. ಸುಮ್ಮನೆ ಕೂತರೆ ಚೆನ್ನಾಗಿ ಕಾಣುವುದಿಲ್ಲವೆಂದು ಬೆರಳು ಮಾತ್ರ ಆಡಿಸುತ್ತಲೇ ಇದ್ದ.

ಎಲ್ಲ ಮುಗಿದಮೇಲೆ ಅಕ್ಬರಸಾಬರು ಮದುಮಗಳ ತಂದೆಯನ್ನು ಕರೆದುಕೊಂಡು ಅವನತ್ತ ಬಂದರು. ಬಸವಂತನಿಗೆ ಏಳಲು ಆಗಲಿಲ್ಲ. ಇನ್ನು ಹಿಂದಿನ ಕುರ್ಚಿಯೂ ಹೋಯಿತು ಎಂದು ಖಾತ್ರಿಯಾಗಿ ನಿಜವಾಗಿಯೂ ಅಳು ಬಂತು.

"ತಪ್ಪಾತ್ರಿ ಅಕ್ಬರಸಾಬ್ರ."

ಹುಡುಗಿಯ ತಂದೆ ಅವನ ಎರಡೂ ಕೈ ಹಿಡಿದುಕೊಂಡ. "ನನ್ನ ಮಗಳ ಹೊಂಟಾಳಂತ ನಮ್ಮ ಅಣ್ಣತಮ್ಮರ ಕಣ್ಣಾಗ ಒಂದ ಹನಿ ನೀರ ಬರಲಿಲ್ಲಪಾ. ನೀ ಯಾರ ಮಗನೋ, ಮೊದಲಿಂದ ಕಡೀತನಕಾ ಅತ್ತಿ. ಪರದೆ ಮ್ಯಾಲ ನಿನ್ನ ಮುಖಾ ನೋಡಿ ನಮ್ಮ ಹೆಣ್ಮಕ್ಳೆಲ್ಲ ಅತ್ತಾರ. ಸಾಬ್ರ, ಸಣ್ಣ ಮಗಳ ಲಗ್ನಕ್ಕೂ ನೀವ ಬರ್ರಿ. ಇಂವನ್ನ ಮುಂದ ಕೂಡಸ್ರಿ."

ಅವನು ಹೋದಮೇಲೆ ಅಕ್ಬರಸಾಬರು ಬಸವಂತನ ಬೆನ್ನು ತಟ್ಟಿದರು. "ಇವತ್ತಿಂದ ಮುಂದಿನ ಕುರ್ಚಿ ಕಾಯಂ ನಿಂದು. ಆದ್ರ ಹಿಂಗ ಇರಬೇಕು ನೋಡು. ಸದ್ದು ಬಂದ್ರ ಮಂದಿ ಗಿಟಾರ ಕೇಳ್ತಾರ, ಮುಖಾ ನೋಡಂಗಿಲ್ಲ."

ಬಸವಂತ ಕುಂಟುತ್ತ ಕೆಳಗಿಳಿದು ಅವ್ವನ ಪಕ್ಕದ ಕುರ್ಚಿಯಲ್ಲಿ ಕುಸಿದ. ಕುರ್ಚಿ ಸಿಕ್ಕಿತು, ಊರಿಗೆಲ್ಲ ಮುಖ ಕಂಡಿತು. ಅವನಿಗೆ ಬೇಕಾಗಿದ್ದದ್ದು ಅದಲ್ಲ.

"ಯವ್ವಾ, ನಿನಗರ ಕೇಳಿಸ್ತೇನು?"

"ಕೇಳಿಸ್ತಪಾ. ನಿಂದು ಯಾವ ಸದ್ದು ಅಂತ ಇವತ್ತ ಗೊತ್ತಾತು."

ಬಸವಂತನ ಮುಖ ಅರಳಿತು. ಒಮ್ಮೆಯಾದರೂ ಅವ್ವನಿಗೆ ಕೇಳಿಸಿತಲ್ಲ. "ಮತ್ತ? ಹೆಂಗಿತ್ತು?"

ಪದ್ಮವ್ವ ಮಗನ ಮರಗಟ್ಟಿದ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಮೆತ್ತಗೆ ತಿಕ್ಕುತ್ತ, ತುಂಬ ಪ್ರೀತಿಯಿಂದ ಹೇಳಿದಳು.

"ಆಮ್ಯಾಲ ಕಾಲ ಒತ್ತಿ ಹಿಡದಿಯಲ್ಲ, ಭಾಳ ಚಲೋ ಮಾಡಿದಿ."