ಕ್ಲೆಮ್ ಕೊಯ್ದ ಎರಡಡಿ

ಎರಡಡಿ ಹಲಗೆಯ ಆಸೆಗೆ ಬಿದ್ದು ಕ್ಲೆಮ್ ಹಾರ್ಟಿಗನ್ ಆ ಭಾನುವಾರ ಮಧ್ಯಾಹ್ನ ಗರಗಸವನ್ನು ಪ್ಯಾಂಟಿನ ಎಡಗಾಲಿನೊಳಗೆ ಇಳಿಬಿಟ್ಟುಕೊಂಡು ಮನೆಯಿಂದ ಹೊರಟ. ಹಿಡಿಯನ್ನು ಬೆಲ್ಟಿಗೆ ಸಿಕ್ಕಿಸಿದ್ದ, ತುದಿ ಮೊಣಕಾಲಿನ ಕೆಳಗೆ ಇಳಿದಿತ್ತು. ಆ ಕಾಲನ್ನು ಮಡಚುವ ಹಾಗಿರಲಿಲ್ಲ. ಮಡಚಿದರೆ ಹಲ್ಲು ಕಚ್ಚುತ್ತಿತ್ತು.

"ಕಾಲಿಗೇನಾಯ್ತು?" ಅಂದಳು ಹೆಂಡತಿ ಮರ್ಲೀನ್.

"ವಾಯು."

"ನಿಂಗೆ ವಾಯು ಇರೋದು ಕಾಲಲ್ಲಲ್ಲ. ಸ್ವಲ್ಪ ಮೇಲೆ ನೋಡ್ಕೋ."

ಕ್ಲೆಮ್ ಜಗಳಕ್ಕೆ ನಿಲ್ಲಲಿಲ್ಲ. ಇವತ್ತು ಟ್ರಿಮ್‌ನೆಲ್ ಪಾರ್ಕಿನ ಕೊನೆಯ ಆಟ. ತೊಂಬತ್ತೊಂದು ವರ್ಷ ಸಿಡ್ನಿಯ ಆ ಪಡುವಣ ಬಡಾವಣೆಯವರು ರಗ್ಬಿ ಲೀಗ್ ನೋಡಿದ್ದೂ ಅಲ್ಲೇ, ಬೈದದ್ದೂ ಅಲ್ಲೇ. ಬರುವ ವರ್ಷದಿಂದ ಊರಿನ ತಂಡ ಹೆಜ್ಜಾರ್ಲೆಯ ಆಟಗಳೆಲ್ಲ ಹೆದ್ದಾರಿ ಪಕ್ಕದ ದೊಡ್ಡ ಸ್ಟೇಡಿಯಮ್ಮಿಗೆ ಹೋಗುತ್ತವೆ. ಅಲ್ಲಿ ಎಂಬತ್ತು ಸಾವಿರ ಕುರ್ಚಿ.

ಕ್ಲೆಮ್ ಅಲ್ಲಿಗೆ ಒಂದೇ ಸಲ ಹೋಗಿದ್ದ. ಅವನಿಗೆ ಸಿಕ್ಕ ಸಾಲು ಎಷ್ಟು ಎತ್ತರವೆಂದರೆ, ಕಡಲಹಕ್ಕಿಯೊಂದು ಅವನ ಪಾದದ ಕೆಳಗೆ ಹಾರಿಹೋಯಿತು. ಆಟಗಾರರು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಕಂಡರು. ಚಪ್ಪಾಳೆ ತಟ್ಟಿ ಎಂದು ದೊಡ್ಡ ಪರದೆ ಅಪ್ಪಣೆ ಕೊಡುತ್ತಿತ್ತು, ಜನ ತಟ್ಟುತ್ತಿದ್ದರು, ಯಾಕೆಂದು ಒಬ್ಬನೂ ಕೇಳಲಿಲ್ಲ. ತಿನ್ನಲು ಒಂದು ಮಾಂಸದ ಪೈ ತರಲು ಇಳಿದುಹೋದ ಕ್ಲೆಮ್ ಹತ್ತಿ ಬರುವಷ್ಟರಲ್ಲಿ ಗೆರೆಯಾಚೆ ಚೆಂಡು ಒತ್ತಿ ಎರಡು ಟ್ರೈ ಆಗಿ, ಪಕ್ಕದವನು ಮನೆಗೆ ಹೋಗಿದ್ದ.

ಟ್ರಿಮ್‌ನೆಲ್ ಪಾರ್ಕಿನ ವಿಷಯ ಬೇರೆ. ಅಲ್ಲಿ ಆಟಗಾರ ಉಗಿದರೆ ಮೊದಲ ಸಾಲಿಗೆ ಸಿಡಿಯುತ್ತಿತ್ತು. ಚೆಂಡು ಬಿಟ್ಟವನಿಗೆ ಬೈದರೆ ಅವನು ನಿಂತು ವಾಪಸ್ ಬೈಯುತ್ತಿದ್ದ. ಮರ್ಯಾದೆ ಅಂದರೆ ಅದು.

ಪಾರ್ಕಿನ ಉತ್ತರಕ್ಕಿದ್ದ ಪ್ರೇಕ್ಷಕರ ಕಟ್ಟಡದ ಮೂರನೆಯ ಸಾಲಿನಲ್ಲಿ, ಒಂದು ಉದ್ದ ಮರದ ಹಲಗೆಯ ನಡುವೆ, ಕ್ಲೆಮ್ ನಲವತ್ತಮೂರು ವರ್ಷ ಕೂತಿದ್ದ. ಅವನಿಗೆ ಮೊದಲು ಅವನಪ್ಪ ಕೂತಿದ್ದ. ಇಬ್ಬರೂ ಕೂತು ಕೂತು ಹಲಗೆಯಲ್ಲಿ ಸಣ್ಣ ತಗ್ಗು ಬಿದ್ದಿತ್ತು. ಪಾರ್ಕು ಕೆಡವಲು ಬುಲ್ಡೋಜರ್ ಬರುವ ಮೊದಲು ಆ ಎರಡಡಿಯನ್ನು ಕೊಯ್ದು ತಂದು ಹಿತ್ತಲಲ್ಲಿ ಇಟ್ಟುಕೊಳ್ಳಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಗೇಟಿಗೆ ಬಂದರೆ ಜನವೋ ಜನ. ಮಾಮೂಲಿಗೆ ನಾಲ್ಕು ಸಾವಿರ ಸೇರದ ಜಾಗಕ್ಕೆ ಅವತ್ತು ಹದಿನಾಲ್ಕು ಸಾವಿರ. ಇಷ್ಟು ಜನ ಇಷ್ಟು ವರ್ಷ ಬಂದಿದ್ದರೆ ಪಾರ್ಕು ಸಾಯುತ್ತಲೇ ಇರಲಿಲ್ಲ. ಆದರೆ ಕಾಯಿಲೆಯವನಿಗೆ ಗಂಜಿ ಕೊಡಲು ಯಾರು ಬರುತ್ತಾರೆ, ಹೆಣದ ಮುಂದೆ ಅಳಲು ಸಾಲುಗಟ್ಟುತ್ತಾರೆ. ತರಕಾರಿ ಅಂಗಡಿಯ ಗಸ್ಸಾನ್ ಒಂಬತ್ತು ವರ್ಷದಿಂದ ಈ ಕಡೆ ತಲೆ ಹಾಕಿದವನಲ್ಲ. ಗೇಟಿನಿಂದಲೇ ಕಣ್ಣು ಒರೆಸಿಕೊಳ್ಳುತ್ತಾ ಬಂದು ಕ್ಲೆಮ್‌ನ ಬಲಕ್ಕೆ ಕೂತ.

"ನನ್ನ ಬಾಲ್ಯವೇ ಹೋಯ್ತು ಕಣೋ ಕ್ಲೆಮ್," ಅಂದ.

"ನಿನ್ನ ಬಾಲ್ಯ ಲೆಬನಾನಲ್ಲಿ ಕಳೀತಲ್ಲೋ ಮಾರಾಯ. ನೀನು ಇಲ್ಲಿಗೆ ಬಂದಾಗ ನಿನಗೆ ಮೂವತ್ತು."

"ಎರಡನೇ ಬಾಲ್ಯ," ಅಂದ ಗಸ್ಸಾನ್, ಮತ್ತೆ ಮೂಗು ಒರೆಸಿದ.

ಎಡಕ್ಕೆ ಬೆರಿಲ್ ಪಾಸ್ಕೊ. ಕ್ಲೆಮ್‌ನ ಪಕ್ಕದ ಮನೆಯವಳು, ಎಪ್ಪತ್ತು ದಾಟಿದ ವಿಧವೆ. ಆಟದುದ್ದಕ್ಕೂ ಹೆಣೆಯುತ್ತಾಳೆ, ಆದರೆ ಆಚೆ ಬೀದಿಯಲ್ಲಿ ಸೂಜಿ ಬಿದ್ದರೂ ಅವಳ ಕಿವಿಗೆ ಕೇಳುತ್ತದೆ.

ಕ್ಲೆಮ್ ಮಡಿಲ ಮೇಲೆ ಕಂಬಳಿ ಹೊದ್ದುಕೊಂಡ, ಒಳಗಿನಿಂದ ಗರಗಸ ಎಳೆದುಕೊಂಡ, ತೊಡೆಯ ಪಕ್ಕದಲ್ಲಿ ಹಲಗೆಗೆ ಅದರ ಹಲ್ಲಿಟ್ಟ. ಆಗಲೇ ಅವನಿಗೆ ಹೊಳೆದದ್ದು, ಹಳೇ ಗಟ್ಟಿಮರ ಕೊಯ್ದರೆ ಕತ್ತೆ ಅರಚಿದ ಹಾಗೆ ಸದ್ದು ಬರುತ್ತದೆ ಎಂದು. ಜನ ಗದ್ದಲ ಮಾಡುವಾಗ ಮಾತ್ರ ಕೊಯ್ಯಬೇಕು. ಗದ್ದಲ ಏಳಬೇಕಾದರೆ ಹೆಜ್ಜಾರ್ಲೆ ಚೆನ್ನಾಗಿ ಆಡಬೇಕು.

ಅಲ್ಲಿಗೆ ಕೆಲಸ ನಿಂತಿತು.

ಇಪ್ಪತ್ತು ನಿಮಿಷ ಎರಡು ತಂಡವೂ ನಡುಮೈದಾನದ ಕೆಸರಲ್ಲಿ ಎಮ್ಮೆಗಳ ಹಾಗೆ ಹೊರಳಾಡಿದವು. ಜನ ಆಕಳಿಸಿದರು. ಆಕಳಿಕೆಯ ಮರೆಯಲ್ಲಿ ಗರಗಸ ಆಡಿಸಲಾಗುವುದಿಲ್ಲ. ಆಮೇಲೆ ಎದುರಾಳಿಗಳ ಕೆಂಪಂಗಿಯವನೊಬ್ಬ ಚೆಂಡು ಕಸಿದು ಉದ್ದಕ್ಕೂ ಓಡಿ ಗೆರೆಯಾಚೆ ಒತ್ತಿದ. ಹದಿನಾಲ್ಕು ಸಾವಿರ ಜನ ಒಟ್ಟಿಗೆ ಗೋಳಿಟ್ಟರು. ಕ್ಲೆಮ್ ಕರ್ರಕರ್ರನೆ ಎರಡು ಬೆರಳು ಆಳ ಇಳಿಸಿದ. ಅವನ ಮುಖ ದೀಪ ಹಚ್ಚಿದ ಹಾಗಾಯಿತು.

ಬೆರಿಲ್ ಹೆಣಿಗೆ ನಿಲ್ಲಿಸಿದಳು. "ಅವರು ಹೊಡೆದ್ರೆ ನಿಂಗ್ಯಾಕೆ ಖುಷಿ?"

"ಖುಷಿ ಎಲ್ಲಿ? ಹಲ್ಲುನೋವು."

"ಮನೇಲಿ ವಾಯು ಅಂದ್ಯಂತೆ. ಮರ್ಲೀನ್ ಬೇಲಿ ಹತ್ರ ಹೇಳಿದ್ಲು."

ಎರಡನೆಯ ಸಲ ಕೆಂಪಂಗಿಯವರೇ ಹೊಡೆದರು. ಕ್ಲೆಮ್‌ನ ಬಾಯಿಂದ ತಡೆಯಲಾಗದೆ "ಭೇಷ್" ಅಂತ ಬಂದುಬಿಟ್ಟಿತು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ದೊಡ್ಡ ಸ್ಟೇಡಿಯಮ್ಮಿನವ್ರು ನಿನ್ನ ಕೊಂಡ್ಕೊಂಡ್ರಾ?" ಅಂದಳು ಬೆರಿಲ್. "ಪಾರ್ಕ್ ಉಳಿಸಿ ಅಂತ ನನ್ನ ಕೈಲಿ ಮೂರು ಸಲ ಸಹಿ ಹಾಕಿಸಿದೋನು ನೀನು. ಏನಿದೆ ಆ ಕಂಬಳಿ ಕೆಳಗೆ?" ಎನ್ನುತ್ತಲೇ ಎಳೆದುಬಿಟ್ಟಳು.

ಗರಗಸ ಹಲಗೆಯಲ್ಲಿ ಮುಕ್ಕಾಲು ಇಳಿದು ನಿಂತಿತ್ತು. ಬೆರಿಲ್ ಅದನ್ನು ನೋಡಿದಳು, ಕ್ಲೆಮ್‌ನನ್ನು ನೋಡಿದಳು. ಅವನು ಪೊಲೀಸರು, ಕೋರ್ಟು, ಮರ್ಲೀನ್, ಮೂರನ್ನೂ ಒಟ್ಟಿಗೆ ನೆನೆದ.

"ನನ್ನ ಕಡೆಗೆ ಒಂದೂವರೆ ಇಂಚು ಬಂದಿದೀಯ," ಅಂದಳು ಬೆರಿಲ್.

"ಏನು?"

"ಇದು ನನ್ನ ಗಂಡ ಕೂರ್ತಿದ್ದ ಜಾಗ. ಈ ಗಂಟಿನವರೆಗೂ ನಮ್ದು." ಹೆಣಿಗೆಯ ಕಡ್ಡಿ ಇಟ್ಟು ಅಳೆದು ತೋರಿಸಿದಳು. "ಆ ಕಡೆ ಸರಿಸಿ ಕೊಯ್ಯಿ."

"ಆ ಕಡೆ ಅಂದ್ರೆ ನಂದು," ಅಂದ ಗಸ್ಸಾನ್. ಅವನ ಕಣ್ಣೀರು ಆರಿಹೋಗಿತ್ತು.

"ಒಂಬತ್ತು ವರ್ಷ ಬರದೇ ಇದ್ದೋನಿಗೆ ಎಲ್ಲೀ ಹಲಗೆ?"

"ಬರದೇ ಇದ್ರೆ ಪ್ರೀತಿ ಹೋಗತ್ತೇನಮ್ಮ? ನಂಗೂ ಎರಡಡಿ ಕೊಯ್ದುಕೊಡು ಕ್ಲೆಮ್. ಇಲ್ದಿದ್ರೆ ಕೂಗ್ತೀನಿ."

ಹಲಗೆಯ ಈ ಗಡಿ ಜಗಳ ಕೋರ್ಟಿಗೆ ಹೋಗುವ ಮೊದಲು ಕ್ಲೆಮ್ ಮೂವರಿಗೂ ಕೊಯ್ಯಲು ಕೂತ. ಸದ್ದನ್ನು ಮುಚ್ಚಲು ಬೆರಿಲ್ ರೆಫರಿಗೆ ಬೈಯುತ್ತಿದ್ದಳು. ಅದು ಅವಳಿಗೆ ಹೊಸ ಕೆಲಸವೇನಲ್ಲ. ಮಧ್ಯಂತರಕ್ಕೆ ಎರಡು ನಿಮಿಷ ಇರುವಾಗ ಕೊನೆಯ ಎಳೆ ಕಡಿಯಿತು. ಕೂತ ಕೊಂಬೆ ಕಡಿದವನ ಬುದ್ಧಿ ಎಂಥದ್ದೆಂದು ಕ್ಲೆಮ್‌ಗೆ ಗೊತ್ತಾದದ್ದು ಆಗಲೇ. ಮೂವರೂ ಸಾಲಾಗಿ ಕೆಳಗೆ ಕುಸಿದರು. ಹಲಗೆಯ ಉಳಿದ ತುದಿಗಳು ಎದ್ದು, ಅವುಗಳ ಮೇಲೆ ಕೂತಿದ್ದವರು ಮುಂದಿನ ಸಾಲಿನವರ ಬೆನ್ನಿಗೆ ಬಿದ್ದರು. ಒಬ್ಬನ ಪೈ ಹಾರಿ ನಾಲ್ಕು ಸಾಲು ಆಚೆ ಇಳಿಯಿತು.

ಎಲ್ಲರೂ ತಿರುಗಿದರು. ಕ್ಲೆಮ್ ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಹಲಗೆ ಹಿಡಿದು ಕೂತಿದ್ದ.

ಯಾರೂ ಪೊಲೀಸರನ್ನು ಕರೆಯಲಿಲ್ಲ. ಹಿಂದಿನ ಸಾಲಿನ ಒಬ್ಬ ಮುದುಕ ಕೋಟಿನೊಳಗಿಂದ ನಿಧಾನಕ್ಕೆ ಸ್ಪ್ಯಾನರ್ ತೆಗೆದ. "ನಾನೊಬ್ಬನೇ ತಂದಿದೀನಿ ಅಂತಿದ್ದೆ," ಅಂದ. ಪಕ್ಕದ ಹೆಂಗಸು ಕೇಕಿನ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕೈತೋಟದ ಕರಣೆ. ಹದಿನಾಲ್ಕು ಸಾವಿರ ಜನ ಅಳಲು ಬಂದಿದ್ದರು, ನಿಜ. ಆದರೆ ಬರಿಗೈಯಲ್ಲಿ ಅಳಲು ಬಂದವರು ಬಹಳ ಇರಲಿಲ್ಲ.

ಉತ್ತರಾರ್ಧದಲ್ಲಿ ಆಟ ನೋಡಿದವರಿಲ್ಲ. ಮೊದಲು ಹಲಗೆಗಳು ಹೋದವು, ಆಮೇಲೆ ಕಂಬಿ. ಗಂಡಸರ ಪಾಯಖಾನೆಯ ಬಾಗಿಲನ್ನು ಇಬ್ಬರು ಅಣ್ಣತಮ್ಮಂದಿರು ಹೊತ್ತು ನಡೆದರು, ಒಳಗಿದ್ದವನು ಪೇಪರನ್ನು ಅಡ್ಡ ಹಿಡಿದ. ಅಂಕದ ಹಲಗೆಯಿಂದ ಯಾರೋ ಎಂಟನ್ನು ಕಿತ್ತುಕೊಂಡರು, ಇನ್ಯಾರೋ ಸೊನ್ನೆಯನ್ನು. ಅಲ್ಲಿಂದ ಮುಂದೆ ಯಾರು ಗೆಲ್ಲುತ್ತಿದ್ದಾರೆಂದು ಆಟಗಾರರಿಗೂ ತಿಳಿಯಲಿಲ್ಲ. ಐಸ್‌ಕ್ರೀಮ್ ಡಬ್ಬಿ ಹಿಡಿದ ಹೆಂಗಸರು ಗೆರೆ ದಾಟಿ ಹುಲ್ಲನ್ನು ಬರ್ಫಿಯ ಹಾಗೆ ಚೌಕ ಚೌಕವಾಗಿ ಕೊಯ್ದರು. ಕೆಂಪಂಗಿಯ ಆಟಗಾರ ಗೆರೆಯ ಹತ್ತಿರ ಒಂದು ಗುಂಡಿಗೆ ಬಿದ್ದ. ಅವನನ್ನು ಎಬ್ಬಿಸುವ ನೆಪದಲ್ಲಿ ಒಬ್ಬ ಮೂಲೆಯ ಬಾವುಟ ಎತ್ತಿಕೊಂಡು ಹೋದ.

"ಇದೆಲ್ಲ ಪ್ರೀತಿ ಕಣಯ್ಯಾ," ಅಂದ ಗಸ್ಸಾನ್, ಪೈ ಅಂಗಡಿಯ ಬೋರ್ಡನ್ನು ಅವುಚಿಕೊಂಡು. "ಆ ದೊಡ್ಡ ಸ್ಟೇಡಿಯಮ್ಮಲ್ಲಿ ಇಂಥಾ ಪ್ರೀತಿ ಸಿಗತ್ತಾ?"

ಕೊನೆಯ ಸೈರನ್ ಆಯಿತು. ಕ್ಲಬ್ಬಿನ ಅಧ್ಯಕ್ಷ ರೋಜರ್ ವಿಂಟ್ ಮೈಕ್ ಹಿಡಿದು ನಡುಮೈದಾನಕ್ಕೆ ಬಂದ. ಊಟದ ಕೋಣೆಯಲ್ಲಿ ಅತಿಥಿಗಳ ಜೊತೆ ಕೂತಿದ್ದವನು, ಹೊರಗೆ ಏನಾಗಿದೆಯೆಂದು ನೋಡಿರಲಿಲ್ಲ. ಕಣ್ಣು ಕಾಗದದ ಮೇಲಿತ್ತು.

"ಸ್ನೇಹಿತರೇ, ನಿಮಗೊಂದು ಸಿಹಿಸುದ್ದಿ. ದೊಡ್ಡ ಸ್ಟೇಡಿಯಮ್ಮಿನವರು ನಮ್ಮನ್ನ ಬೇಡ ಅಂದಿದ್ದಾರೆ. ಎಂಬತ್ತು ಸಾವಿರ ಕುರ್ಚಿಯಲ್ಲಿ ನಾಲ್ಕು ಸಾವಿರ ಜನ ಕೂತರೆ ಟೀವಿಯಲ್ಲಿ ಚೆನ್ನಾಗಿ ಕಾಣಲ್ಲವಂತೆ. ಹೋಗಲಿ ಬಿಡಿ. ನಾವು ಎಲ್ಲೂ ಹೋಗ್ತಾ ಇಲ್ಲ. ಇನ್ನು ಹತ್ತು ವರ್ಷ ಹೆಜ್ಜಾರ್ಲೆ ಇಲ್ಲೇ ಆಡ್ತದೆ. ನಿಮ್ಮ ಜಾಗ ನಿಮ್ಮದೇ."

ಗುರುವಾರವೇ ಅವನಿಗೆ ಗೊತ್ತಿತ್ತಂತೆ. ಟಿಕೆಟ್ ಭರ್ಜರಿ ಹೋಗುತ್ತಿತ್ತು. ಸಾವಿನ ಮನೆಗೆ ಜನ ನುಗ್ಗುತ್ತಿರುವಾಗ ಹೆಣ ಎದ್ದು ಕೂತಿದೆ ಎಂದು ಯಾರು ಹೇಳುತ್ತಾರೆ?

ಚಪ್ಪಾಳೆಗೆ ಕಾದು ವಿಂಟ್ ತಲೆ ಎತ್ತಿದ. ಚಪ್ಪಾಳೆ ತಟ್ಟಲು ಯಾರ ಕೈಯೂ ಖಾಲಿ ಇರಲಿಲ್ಲ. ಅವನ ಹಿಂದೆ ಎಂಟು ಜನ ಗೋಲಿನ ಕಂಬವನ್ನು ಹೆಗಲ ಮೇಲೆ ಹೊತ್ತು, ಹೆಜ್ಜೆ ತಪ್ಪದಂತೆ, ಗೇಟಿನ ಕಡೆ ಹೋಗುತ್ತಿದ್ದರು. ಒಂದು ಗಳಿಗೆ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಡೆದರು.

ಯಾರೂ ಓಡಲಿಲ್ಲ. ಓಡಿದರೆ ಕಳ್ಳರೆನ್ನುತ್ತಾರೆ. ಎಲ್ಲರೂ ಕೋಟಿನ ಗುಂಡಿ ಹಾಕಿಕೊಂಡು, ಸ್ವಲ್ಪ ದಪ್ಪಗಾಗಿ, ಮನೆಗೆ ಹೋದರು.

ಮರ್ಲೀನ್ ರೇಡಿಯೋದಲ್ಲಿ ಎಲ್ಲ ಕೇಳಿಕೊಂಡಿದ್ದಳು, ಹೊತ್ತುಹೋದದ್ದನ್ನು ಗೇಟಿಗೆ ತಂದುಕೊಡಿ ಎಂಬ ಪ್ರಕಟಣೆಯನ್ನೂ. ಹಲಗೆಯನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ.

"ತಗೊಂಡ್ಹೋಗಿ ಕೊಟ್ಟು ಬಾ. ಆಮೇಲೆ ಊಟ."

"ಎಲ್ಲಾರೂ ತಂದಿದಾರೆ ಕಣೇ."

"ಎಲ್ಲಾರೂ ವಾಪಸ್ ಕೊಡ್ತಾರೆ. ಪಾರ್ಕ್ ಉಳಿಸಿ ಅಂತ ಊರೆಲ್ಲಾ ತಿರುಗಿದೋನು ನೀನು. ಕೊನೆಯವನಾಗಿ ಹೋಗಿ ನಿಂತ್ರೆ ನಾನು ಅಂಗಡಿಗೆ ಹೇಗೆ ಹೋಗ್ಲಿ? ಬೇಗ ಹೋಗು."

ಕ್ಲೆಮ್‌ಗೂ ಅದು ಸರಿ ಅನ್ನಿಸಿತು. ಹಲಗೆ ಕೊಟ್ಟರೆ ಜಾಗ ಉಳಿಯುತ್ತದೆ. ಎರಡು ಮೊಳೆ ಹೊಡೆದರೆ ಬರುವ ವರ್ಷ ಅದೇ ತಗ್ಗಿನಲ್ಲಿ ಕೂರಬಹುದು. ಹೊತ್ತು ಮುಳುಗುವ ಮೊದಲು, ಸಾಲು ಉದ್ದವಿರುತ್ತದೆಂದು ಹೆದರಿ, ಏದುಸಿರು ಬಿಡುತ್ತಾ ಗೇಟಿಗೆ ಬಂದ.

ಸಾಲೇ ಇರಲಿಲ್ಲ. ಮಡಚುವ ಮೇಜಿನ ಹಿಂದೆ ಅಧ್ಯಕ್ಷ ವಿಂಟ್, ಪಕ್ಕದಲ್ಲಿ ನಗರಸಭೆಯ ಒಬ್ಬ ಹೆಂಗಸು, ಮೇಜಿನ ಮೇಲೆ ದಪ್ಪ ರಿಜಿಸ್ಟರು. ಅದರಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ.

"ಬೇರೆಯವ್ರೆಲ್ಲ ಕೊಟ್ಟು ಹೋದ್ರಾ?" ಅಂದ ಕ್ಲೆಮ್.

"ನೀವೇ ಮೊದಲು," ಅಂದಳು ಹೆಂಗಸು. ಹಲಗೆಯನ್ನು ಎರಡು ಬೆರಳಲ್ಲಿ ತೆಗೆದುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. "ಗರಗಸದಿಂದ ಕೊಯ್ದದ್ದು ನೀವೇ ತಾನೇ?"

"ನಾನೇ. ವಾಪಸ್ ತಂದಿದೀನಲ್ಲ."

"ತಂದದ್ದರಿಂದ ಗೊತ್ತಾಯ್ತು." ಹೆಸರು, ವಿಳಾಸ ಬರೆದುಕೊಂಡಳು. "ನಗರಸಭೆಯ ಆಸ್ತಿ ಕೆಡಿಸಿದವರಿಗೆ ಐದು ವರ್ಷ ಈ ಪಾರ್ಕಿನೊಳಗೆ ಪ್ರವೇಶ ಇಲ್ಲ. ಇಲ್ಲಿ ಸಹಿ ಮಾಡಿ."

ಕ್ಲೆಮ್ ವಿಂಟ್‌ನ ಮುಖ ನೋಡಿದ. "ರೋಜರ್, ಹದಿನಾಲ್ಕು ಸಾವಿರ ಜನ ಹೊತ್ಕೊಂಡು ಹೋದ್ರು."

"ಹೋದ್ರು," ಅಂದ ವಿಂಟ್. "ಅವ್ರ ಹೆಸರು ನನ್ಹತ್ರ ಇಲ್ಲವಲ್ಲ ಕ್ಲೆಮ್. ನಿಂದಿದೆ. ನಾಳೆ ಪೇಪರಿನವ್ರಿಗೆ ಯಾರನ್ನಾದ್ರೂ ತೋರಿಸ್ಬೇಕು. ಬೇಜಾರ್ ಮಾಡ್ಕೋಬೇಡ."

"ನಾನು ಆಟ ಎಲ್ಲಿ ನೋಡ್ಲಿ?"

ವಿಂಟ್ ಜೇಬಿನಿಂದ ಒಂದು ಕಟ್ಟು ಪಾಸು ತೆಗೆದ. ಒಪ್ಪಂದ ಮುರಿಯುವ ಮೊದಲು ದೊಡ್ಡ ಸ್ಟೇಡಿಯಮ್ಮಿನವರು ಪುಕ್ಕಟೆ ಕೊಟ್ಟದ್ದು. ಇದುವರೆಗೆ ಒಂದನ್ನೂ ಯಾರೂ ಕೇಳಿರಲಿಲ್ಲ. "ಬೇರೆ ತಂಡದವ್ರು ಅಲ್ಲೇ ಆಡ್ತಾರಲ್ಲ, ಅವ್ರ ಮೇಲೆ ಆಡೋಕೆ ನಾವೂ ವರ್ಷಕ್ಕೆ ಮೂರು ಸಲ ಹೋಗ್ತೀವಿ. ಅಲ್ಲಿ ನಿನಗೆ ನಿಷೇಧ ಇಲ್ಲ. ಐದನೇ ಅಂತಸ್ತು. ಒಳ್ಳೇ ಗಾಳಿ."

ಕ್ಲೆಮ್ ಬರಿಗೈಯಲ್ಲಿ, ಅಂದರೆ ಒಂದು ಪಾಸು ಹಿಡಿದು, ಮನೆ ದಾರಿ ಹಿಡಿದ. ಪಕ್ಕದ ಮನೆಯ ಜಗಲಿಯಲ್ಲಿ ಬೆರಿಲ್ ಎರಡು ಇಟ್ಟಿಗೆಯ ಮೇಲೆ ತನ್ನ ಎರಡಡಿ ಇಟ್ಟುಕೊಂಡು, ಅದರ ಮೇಲೆ ಕೂತು ಹೆಣೆಯುತ್ತಿದ್ದಳು.

"ಕೊಟ್ಟು ಬಂದ್ಯಾ?"

"ಕೊಟ್ಟೆ."

"ಏನಂದ್ರು?"

"ಐದು ವರ್ಷ ಆ ಕಡೆ ಕಾಲಿಡಬೇಡ ಅಂದ್ರು. ದೊಡ್ಡ ಸ್ಟೇಡಿಯಮ್ಮಿಗೆ ಹೋಗು ಅಂದ್ರು."

ಬೆರಿಲ್ ನಾಲ್ಕು ಕುಣಿಕೆ ಹೆಣೆದಳು. ಅವಳಿಗೆ ನಿಜವಾಗಿ ಮರುಕವಾದ ಹಾಗಿತ್ತು.

"ಅಲ್ಲಿ ಕುರ್ಚಿಗೆ ಮೆತ್ತೆ ಇರತ್ತಂತೆ, ಹೌದಾ?"

"ಇರತ್ತೆ. ನಾನೇ ನೋಡಿದೀನಿ."

"ನೀಲಿ ಬಣ್ಣದ್ದಾ?"

"ನೀಲೀದು."

ಬೆರಿಲ್ ತನ್ನ ಜಗಲಿಯ ಖಾಲಿ ಮೂಲೆಯನ್ನು ಒಂದು ಸಲ ನೋಡಿದಳು. ಆಮೇಲೆ ಕಡ್ಡಿಗಳನ್ನು ಮಡಿಲಲ್ಲಿಟ್ಟು, ದನಿ ತಗ್ಗಿಸಿ ಕೇಳಿದಳು.

"ನೆಲಕ್ಕೆ ಬಿಗಿದಿರೋದು ಬೋಲ್ಟಾ, ಸ್ಕ್ರೂನಾ?"